ಗಿಳಿಯ ಗಂಟಲು

ನನ್ನ ತಂಗಿಗೆ ಇಟ್ಟ ಹೆಸರು ಬೇರೆಯೇ ಇದೆ. ಅದನ್ನು ಕೂಗುತ್ತಿದ್ದವರು ಕಾಲೇಜಿನಲ್ಲಿ ಹಾಜರಿ ತೆಗೆದುಕೊಳ್ಳುವವರು ಮಾತ್ರ. ಉಳಿದವರಿಗೆಲ್ಲ ಅವಳು ಗಿಳಿ. ಯಾರ ಮಾತನ್ನಾದರೂ ಒಂದು ಸಲ ಕೇಳಿದರೆ ಸಾಕು, ಮರುಗಳಿಗೆಯಲ್ಲಿ ಆ ಮನುಷ್ಯ ಅವಳ ಬಾಯೊಳಗೆ ಬಂದು ಕೂತಿರುತ್ತಿದ್ದ. ಪಕ್ಕದ ಮನೆಯ ಅಂಕಲ್ ಸೀನುವುದು, ಗ್ಯಾಸ್ ಸಿಲಿಂಡರ್ ಹೊತ್ತು ಮೆಟ್ಟಿಲು ಹತ್ತುವವನು ಏದುಸಿರಿನ ನಡುವೆಯೇ ನಮ್ಮನ್ನು ಬಯ್ಯುವುದು, ಹಲ್ಲಿನ ಡಾಕ್ಟರು "ಏನೂ ನೋವಾಗಲ್ಲ" ಎಂದು ಹಸಿ ಸುಳ್ಳು ಹೇಳುವುದು, ಎಲ್ಲ ಬರುತ್ತಿತ್ತು. ನಾನು ಆ ಡಾಕ್ಟರ ಹತ್ತಿರ ಟೋಕನ್ ಕೊಡುವವಳು. ದಿನವಿಡೀ ಜನರ ನರಳಾಟ ಕೇಳಿ ತಲೆ ಕೆಟ್ಟು ಮನೆಗೆ ಬಂದರೆ ಇವಳು ಬಾಗಿಲಲ್ಲೇ ನಿಂತು, ನನ್ನದೇ ದನಿಯಲ್ಲಿ, "ಮುಂದಿನವರು ಬನ್ರೀ, ಬಾಯಿ ಒಳಗೆ ಹೋದ್ಮೇಲೆ ತೆಗೀರಿ" ಅನ್ನುತ್ತಿದ್ದಳು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ನಕ್ಕುಬಿಡುತ್ತಿದ್ದೆ.

ಅವಳ ಈ ಆಟಕ್ಕೆ ಮನೆಯಲ್ಲಿ ಒಂದೇ ಒಂದು ಕಟ್ಟಳೆ ಇತ್ತು, ಅದು ಅಮ್ಮನದು. ಅದು ಬಂದದ್ದು ಹೀಗೆ. ತಾತ ತೀರಿಕೊಂಡ ಸ್ವಲ್ಪ ದಿನಕ್ಕೆ ಗಿಳಿ ಅವನ ಕುರ್ಚಿಯಲ್ಲಿ ಕೂತು, ಅವನ ಹಾಗೇ ಗಂಟಲು ಸರಿಮಾಡಿಕೊಂಡು, "ಪೇಪರ್ ಎಲ್ಲೇ?" ಅಂದಳು. ಆಗವಳು ಇನ್ನೂ ಲಂಗ ಹಾಕುತ್ತಿದ್ದ ಹುಡುಗಿ. ಅಜ್ಜಿ ಒಳಗಿನಿಂದ ಪೇಪರ್ ಹಿಡಿದುಕೊಂಡು ಅವಸರವಾಗಿ ಬಂದಳು. ಬಂದವಳು ಕುರ್ಚಿ ನೋಡಿ ಹಾಗೇ ನಿಂತುಬಿಟ್ಟಳು. ಆಮೇಲೆ ಎಷ್ಟೋ ದಿನ, ಯಾರೂ ಏನೂ ಅನ್ನದಿದ್ದರೂ, ಅಡುಗೆಮನೆಯಿಂದ ಹೊರಗೆ ಬಂದು "ಕರೆದ್ರಾ?" ಎಂದು ಕೇಳಿ ಹೋಗುತ್ತಿದ್ದಳು. ಅಮ್ಮ ಗಿಳಿಯನ್ನು ಹೊಡೆಯಲಿಲ್ಲ. ಮುಂದೆ ಕೂರಿಸಿಕೊಂಡು ಹೇಳಿದಳು.

"ಇರೋರದ್ದು ಯಾರದು ಬೇಕಾದ್ರೂ ಮಾಡು. ಹೋದವರ ದನಿ ಮಾತ್ರ ತೆಗೀಬೇಡ ಮಗಳೇ. ಹೋದವರು ಬರಲ್ಲ, ಕಾಯ್ತಾ ಇರೋರು ಎದ್ದು ಬರ್ತಾರೆ."

ಗಿಳಿ ಅವತ್ತಿನಿಂದ ತಾತನ ತಂಟೆಗೆ ಹೋಗಲಿಲ್ಲ.

ಕಾಲೇಜಿನ ಕೊನೆಯ ವರ್ಷಕ್ಕೆ ಮುಂಚೆ ಅವಳಿಗೆ ಚೀನೀ ಭಾಷೆಯ ಹುಚ್ಚು ಹತ್ತಿತು. ಒಂದು ಅವಧಿ ಓದಿಗೆ ರಜೆ ಹಾಕಿ, ಆ ಭಾಷೆಯ ಊರಿಗೇ ಹೋಗಿ, ಅಲ್ಲಿಯವರ ಮನೆಯಲ್ಲಿದ್ದು ಕಲಿಯುವ ಅವಕಾಶ ಸಿಕ್ಕಿತು. ಇಲ್ಲಿ ಕೂತು ಕಲಿಯೋಕೆ ಆಗಲ್ವಾ ಎಂದು ನಾನು ಮೂಗು ಮುರಿದೆ. ಅಮ್ಮ ಹೋಗಿ ಬರಲಿ ಬಿಡು ಅಂದಳು. ಗಿಳಿ ಅಮ್ಮನ ಸೆರಗು ಹಿಡಿದು ಮೂರು ಸಲ ಅತ್ತು, ನಾಲ್ಕನೇ ಸಲ ಅಮ್ಮ ಅಳುವುದನ್ನೇ ಅಣಕಿಸಿ ತೋರಿಸಿ ವಿಮಾನ ಹತ್ತಿದಳು.

ಅಲ್ಲಿಯ ಶಾಲೆಯದು ಕಟ್ಟುನಿಟ್ಟು. ಅವಧಿ ಮುಗಿಯುವ ತನಕ ಬೇರೆ ಯಾವ ಭಾಷೆಯನ್ನೂ ಆಡಬಾರದು, ಭಾನುವಾರ ಒಂದು ಹೊತ್ತು ಮಾತ್ರ ಮನೆಗೆ ಫೋನ್ ಮಾಡಬಹುದು. ಮೊದಲ ಭಾನುವಾರ ಅವಳು ಅರಳು ಹುರಿದ ಹಾಗೆ ಮಾತಾಡಿದಳು. ಇಳಿದುಕೊಂಡದ್ದು ಒಂದು ಲಾಂಡ್ರಿಯ ಮೇಲಿನ ಮನೆಯಲ್ಲಂತೆ. ಕೆಳಗೆ ಅಂಗಡಿ, ಗೋಡೆಯುದ್ದಕ್ಕೂ ಹ್ಯಾಂಗರುಗಳಲ್ಲಿ ಜೋತುಬಿದ್ದ ಕೋಟುಗಳು, ಪ್ರತಿಯೊಂದರ ಕಾಲರಿಗೂ ಪಿನ್ ಚುಚ್ಚಿದ ಚೀಟಿ, ಇಸ್ತ್ರಿಯ ಹಬೆ. ಅದನ್ನು ನಡೆಸುವವಳು ಒಂಟಿ ಹೆಂಗಸು. ಗಿಳಿ ಅವಳನ್ನು ಚಿಕ್ಕಮ್ಮ ಎಂದು ಕರೆಯುತ್ತಿದ್ದಳು, ನಮ್ಮ ಹತ್ತಿರವೂ ಹಾಗೇ ಹೇಳುತ್ತಿದ್ದಳು. ಆ ಚಿಕ್ಕಮ್ಮನಿಗೆ ಒಬ್ಬಳು ಮಗಳಿದ್ದಾಳೆ, ಈಗ ಮನೆಯಲ್ಲಿಲ್ಲ, ಅವಳ ಕೋಣೆಯನ್ನೇ ನನಗೆ ಕೊಟ್ಟಿದ್ದಾರೆ, ಬೀರು ಒಂದಕ್ಕೆ ಬೀಗ ಹಾಕಿದೆ, ಉಳಿದದ್ದೆಲ್ಲ ನನ್ನದೇ ಎಂದಳು. ಕೆಲಸಕ್ಕೆಂದು ದೂರದ ಊರಿಗೆ ಹೋಗಿರಬೇಕು ಎಂದು ಅವಳೂ ಅಂದುಕೊಂಡಳು, ನಾವೂ ಅಂದುಕೊಂಡೆವು.

ಶಾಲೆಯಲ್ಲಿ ಒಂದು ಪಾಠಕ್ರಮವಿತ್ತು. ಆ ಭಾಷೆಯವರ ಒಂದು ದನಿಯನ್ನು ಆರಿಸಿಕೊಂಡು, ಕಿವಿಗೆ ಹಾಕಿಕೊಂಡು, ಅದರ ಬೆನ್ನಿಗೇ ಅಂಟಿಕೊಂಡು ಮಾತಾಡುತ್ತ ಹೋಗಬೇಕು. ಅದು ಉಸಿರು ತೆಗೆದಲ್ಲಿ ನೀವೂ ತೆಗೆಯಬೇಕು, ಅದು ತಡವರಿಸಿದಲ್ಲಿ ತಡವರಿಸಬೇಕು. ಗಿಳಿಗೆ ಇದು ಹೇಳಿ ಮಾಡಿಸಿದ ವಿದ್ಯೆ. ಆದರೆ ಶಾಲೆಯವರು ಕೊಟ್ಟ ರೆಕಾರ್ಡಿಂಗು ಬಸ್ ನಿಲ್ದಾಣದ ಪ್ರಕಟಣೆಯ ಹಾಗಿತ್ತಂತೆ, ರಕ್ತಮಾಂಸವೇ ಇಲ್ಲ. ಮನೆಯಲ್ಲಿ ಆಡುವ ಮಾತಿದ್ದರೆ ಕೊಡಿ ಎಂದು ಚಿಕ್ಕಮ್ಮನನ್ನು ಕೇಳಿದಳು. ಚಿಕ್ಕಮ್ಮ ಇಸ್ತ್ರಿ ಬದಿಗಿಟ್ಟು, ಮೇಲೆ ಹೋಗಿ ಒಂದು ಹಳೇ ಫೋನು ತಂದುಕೊಟ್ಟಳು. ಅದರ ತುಂಬ ಮಗಳು ತಾಯಿಗೆ ಕಳಿಸಿದ ಧ್ವನಿ ಸಂದೇಶಗಳು. ಬಸ್ಸು ಬಂದಿಲ್ಲ, ಛತ್ರಿ ಮರೆತೆ, ಬರ್ತಾ ಏನು ತರಲಿ, ಇವತ್ತು ತಡ ಆಗುತ್ತೆ ನೀನು ಊಟ ಮಾಡಿಬಿಡು. ಇಂಥವೇ.

ಗಿಳಿ ಅದನ್ನು ಕುಡಿದುಬಿಟ್ಟಳು. ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹೇಳಿದ್ದೇ ಹೇಳಿದಳು. ಆ ದನಿ ತೆಳ್ಳಗೆ, ಒಂಚೂರು ಮೂಗಿನಿಂದ ಬರುತ್ತಿತ್ತು, ಮೆಟ್ಟಿಲು ಇಳಿಯುತ್ತ ಮಾತಾಡಿದ ಹಾಗೆ ಅವಸರವಾಗಿತ್ತು. ಕೊನೆಯ ಮಾತಿಗೆ ಮುಂಚೆ ಸಣ್ಣಗೆ ಉಸಿರು ಒಳಗೆ ಎಳೆದುಕೊಳ್ಳುತ್ತಿತ್ತು. ಶಾಲೆಯ ಟೀಚರು ಗಿಳಿಯ ಉಚ್ಚಾರ ಕೇಳಿ ಕಣ್ಣು ಬಾಯಿ ಬಿಟ್ಟರಂತೆ. ತರಗತಿಯಲ್ಲಿ ಅವಳೇ ಮೊದಲು. ನಮಗೆ ಫೋನಿನಲ್ಲಿ ಎರಡು ವಾಕ್ಯ ಆಡಿ ತೋರಿಸಿದಳು. ಅಮ್ಮ ಕೇಳಿ, "ಯಾರೇ ಅದು ಪಕ್ಕದಲ್ಲಿ?" ಅಂದಳು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಒಂದು ಮಧ್ಯಾಹ್ನ ಚಿಕ್ಕಮ್ಮ ಹಿಂದುಗಡೆ ಬಟ್ಟೆ ಹಿಂಡುತ್ತಿದ್ದಾಗ ಗಿರಾಕಿಯೊಬ್ಬರು ಬಂದು ಗಂಟೆ ಒತ್ತಿದರು. ಹಳೇ ಗಿರಾಕಿ, ಆ ಬೀದಿಯವರೇ ಆದ ಒಬ್ಬ ದರ್ಜಿ. ಗಿಳಿ ಕೋಟುಗಳ ಹಿಂದೆ ಇದ್ದಳು, ಅವರಿಗೆ ಕಾಣುತ್ತಿರಲಿಲ್ಲ. ಅಲ್ಲಿಂದಲೇ, ಕಲಿತ ಆ ದನಿಯಲ್ಲೇ, "ಬಂದೆ, ಒಂದು ನಿಮಿಷ" ಎಂದು ಕೂಗಿದಳು. ಈಚೆ ಬಂದು ನೋಡಿದರೆ ಮನುಷ್ಯ ಗೋಡೆಗೆ ಒರಗಿ ನಿಂತಿದ್ದಾರೆ, ಮುಖದಲ್ಲಿ ರಕ್ತವಿಲ್ಲ. ಗಿಳಿಯ ಮುಖ ನೋಡಿದರು, ಅವಳ ಹಿಂದಿನ ಕೋಟುಗಳನ್ನು ನೋಡಿದರು. ತಮ್ಮ ಬಟ್ಟೆ ತೆಗೆದುಕೊಳ್ಳದೆ ಹೊರಟೇಹೋದರು.

ಆಗ ಚಿಕ್ಕಮ್ಮ ಬಾಯಿ ಬಿಟ್ಟಳು. ಮಗಳು ಹಿಂದಿನ ವರ್ಷ ರಸ್ತೆ ದಾಟುವಾಗ ವ್ಯಾನಿಗೆ ಸಿಕ್ಕಿ ತೀರಿಹೋಗಿದ್ದಳು. ಇಷ್ಟು ದಿನವೂ ಗಿಳಿ ಕೋಣೆಯಲ್ಲಿ ಅಭ್ಯಾಸ ಮಾಡುವಾಗ ಚಿಕ್ಕಮ್ಮ ಬಾಗಿಲ ಹೊರಗೆ ನೆಲದ ಮೇಲೆ ಕೂತು ಕೇಳುತ್ತಿದ್ದಳು. ಚಿಕ್ಕಮ್ಮ ಅಷ್ಟಕ್ಕೇ ನಿಲ್ಲಿಸಲಿಲ್ಲ. ಅವಳ ತಾಯಿ, ಕಣ್ಣು ಹೋದ ಮುದುಕಿ, ವೃದ್ಧರ ಆರೈಕೆಯ ಮನೆಯೊಂದರಲ್ಲಿದ್ದಳು. ಆ ಅಜ್ಜಿಗೆ ಮೊಮ್ಮಗಳು ಹೋದದ್ದನ್ನು ಹೇಳಿರಲಿಲ್ಲ, ದೂರದ ಕೆಲಸ, ಫೋನು ಸಿಗದ ಜಾಗ ಎಂದಿದ್ದರು. ಈಗ ಅಜ್ಜಿ, ಮೊಮ್ಮಗಳು ಮಾತಾಡುವವರೆಗೂ ತುತ್ತು ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ಒಂದು ಸಲ ಫೋನಿನಲ್ಲಿ ಆ ದನಿಯಲ್ಲಿ "ಅಜ್ಜಿ" ಅನ್ನು, ಸಾಕು ಎಂದು ಚಿಕ್ಕಮ್ಮ ಗಿಳಿಯ ಎರಡೂ ಕೈ ಹಿಡಿದುಕೊಂಡಳು.

ಅದು ಭಾನುವಾರವಲ್ಲ. ಆದರೂ ಗಿಳಿ ಶಾಲೆಯ ಕಟ್ಟಳೆ ಮುರಿದು ನನಗೆ ಫೋನ್ ಮಾಡಿದಳು. ಟೋಕನ್ನಿಗೆ ಸಾಲು ನಿಂತಿತ್ತು, ನಾನು ಅವರನ್ನೆಲ್ಲ ಹಾಗೇ ಬಿಟ್ಟು ಹೊರಗೆ ಬಂದು ನಿಂತೆ. ಕೇಳಿ ನನಗೆ ಮೈ ಉರಿದುಹೋಯಿತು. ಪರದೇಶದ ಹುಡುಗಿಯನ್ನು ಮನೆಯಲ್ಲಿಟ್ಟುಕೊಂಡು ಇಂಥ ಕೆಲಸಕ್ಕೆ ಬಳಸುವುದೇ? ಅಮ್ಮ ಹೇಳಿದ್ದನ್ನು ನೆನಪಿಸಿದೆ. ಗಂಟುಮೂಟೆ ಕಟ್ಟಿಕೊಂಡು ಬಂದುಬಿಡು ಎಂದೆ. ಗಿಳಿ ಬಡಪೆಟ್ಟಿಗೆ ಬಗ್ಗುವವಳಲ್ಲ, ಆದರೆ ಅವತ್ತು ವಾದ ಮಾಡಲಿಲ್ಲ.

"ಒಂದೇ ಒಂದು ಸಲ ಅಕ್ಕಾ" ಅಂದಳು. "ಅಜ್ಜಿ ಊಟ ಬಿಟ್ಟಿದ್ದಾರೆ."

ಆ ಸಂಜೆ ಅವಳು ಮಾತಾಡಿದಳು. ಅಜ್ಜಿ ಊಟ ಮಾಡಿದಳು. ಮಾಡಿ, ಮುಂದಿನ ಭಾನುವಾರ ಮತ್ತೆ ಮಾಡ್ತೀಯಲ್ಲ ಎಂದು ಕೇಳಿದಳು. ಹಾಗೆ ನಮಗೆ ಮೀಸಲಾಗಿದ್ದ ಹೊತ್ತು ಆ ಅಜ್ಜಿಯ ಪಾಲಾಯಿತು. ನಮಗೆ ಉಳಿದದ್ದು ಕೊನೆಯ ಐದು ನಿಮಿಷ. ಅದರಲ್ಲೂ ಗಿಳಿಯ ಮಾತಿನ ನಡುವೆ ಎಲ್ಲೋ ಒಂದು ಕಡೆ ಉಸಿರು ತಪ್ಪುತ್ತಿತ್ತು. ಸುಸ್ತಾಗಿದೆ ಎಂದು ನಾನು ನನಗೇ ಸಮಾಧಾನ ಹೇಳಿಕೊಂಡೆ.

ಅವಧಿ ಮುಗಿಸಿ ಬಂದಳು. ನಮ್ಮಮ್ಮನಿಗೆ ಒಂದು ಅಭ್ಯಾಸವಿತ್ತು. ಯಾರು ಒಳಗೆ ಬಂದರೂ, ಹೊತ್ತು ಯಾವುದೇ ಇರಲಿ, ಅಡುಗೆಮನೆಯಿಂದ ತಿರುಗಿ ಕೂಡ ನೋಡದೆ "ಬಾಗಿಲು ಹಾಕಿದ್ಯೇನೇ?" ಎಂದು ಕೂಗುತ್ತಿದ್ದಳು. "ಹಾಕ್ದೆ ಅಮ್ಮ" ಅನ್ನುವ ತನಕ ಬಿಡುತ್ತಿರಲಿಲ್ಲ. ಗಿಳಿ ಪೆಟ್ಟಿಗೆ ಎಳೆದುಕೊಂಡು ಬಂದಾಗಲೂ ಅಮ್ಮ ಹಾಗೇ ಕೂಗಿದಳು, ಗಿಳಿ ಹಾಗೇ ಉತ್ತರ ಕೊಟ್ಟಳು. ಅಮ್ಮ ಸೌಟು ಹಿಡಿದೇ ಹೊರಗೆ ಬಂದು ಅವಳ ಬೆನ್ನ ಹಿಂದೆ ನೋಡಿದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದಳು: "ಇವಳ ಜೊತೆ ಇನ್ಯಾರಾದ್ರೂ ಬಂದ್ರಾ?"

ಯಾರೂ ಬಂದಿರಲಿಲ್ಲ, ಅಥವಾ ಹಾಗೆಂದು ನಾನು ಹೇಳಿದೆ. ಆದರೆ ಗಿಳಿಯ ಆಟ ನಿಂತುಹೋಗಿತ್ತು. ಪಕ್ಕದ ಮನೆಯ ಅಂಕಲ್ ತಾವೇ ಬಂದು, ಎಲ್ಲಿ ನನ್ನ ಸೀನು ಸೀನಿ ತೋರಿಸು ನೋಡೋಣ ಎಂದು ಕಾಲೆಳೆದರು. ಅವಳು ಮೂಗು ಹಿಗ್ಗಿಸಿದಳು, ಬಾಯಿ ತೆರೆದಳು, ಏನೂ ಬರಲಿಲ್ಲ. ಅಂಕಲ್ ಪೆಚ್ಚಾಗಿ ಹೋದರು.

ಓದು ಮುಗಿದ ಮೇಲೆ ಅವಳಿಗೆ ಆ ದೇಶದಿಂದ ಹೊಲಿಗೆ ಯಂತ್ರ ತರಿಸುವ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಆ ಕಡೆಯವರ ಹತ್ತಿರ ಅವರ ಭಾಷೆಯಲ್ಲೇ ಫೋನಿನಲ್ಲಿ ವ್ಯವಹರಿಸಬೇಕು. ಅವರು ಇವಳನ್ನು ತಮ್ಮವಳೇ ಎಂದು ತಿಳಿಯುತ್ತಿದ್ದರು, ಯಾವ ಬೀದಿಯವಳು ಎಂದು ಸಹ ಕೇಳುತ್ತಿದ್ದರು. ಕಚೇರಿಯವರು ಮೆಚ್ಚಿ ಬೆನ್ನು ತಟ್ಟಿದರು. ಗಿಳಿ ಮನೆಗೆ ಬಂದು ಊಟ ಬೇಡ ಎಂದು ಮಲಗಿದಳು.

ಭಾನುವಾರದ ಫೋನು ನಿಲ್ಲಲಿಲ್ಲ. ಅವಳು ಅದನ್ನು ಹಿಡಿದುಕೊಂಡು ಮಹಡಿಯ ಮೆಟ್ಟಿಲಲ್ಲಿ ಕೂರುತ್ತಿದ್ದಳು, ನಾನು ಒಣಗಿದ ಬಟ್ಟೆ ತರುವ ನೆಪದಲ್ಲಿ ಹೋಗಿ ಕೇಳುತ್ತಿದ್ದೆ. ಒಂದು ಅಕ್ಷರ ಅರ್ಥವಾಗದಿದ್ದರೂ ಆ ದನಿ ನನಗೆ ಗುರುತಾಗಿಬಿಟ್ಟಿತ್ತು. ತೆಳ್ಳಗೆ, ಮೂಗಿನಿಂದ, ಇಳಿಯುವ ಅವಸರ, ಕೊನೆಯ ಮಾತಿಗೆ ಮುಂಚೆ ಸಣ್ಣ ಉಸಿರು. ನಾನೆಂದೂ ನೋಡದ ಹುಡುಗಿ ನಮ್ಮ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ನನಗೆ ಭಯವಾಗುತ್ತಿತ್ತು.

ಒಂದು ದಿನ ಅಲ್ಲಿಯ ಅಜ್ಜಿ ತೀರಿಕೊಂಡ ಸುದ್ದಿ ಬಂತು. ಅಂತೂ ಮುಗಿಯಿತಲ್ಲ ಎಂದು ನಾನು ಉಸಿರು ಬಿಟ್ಟೆ. ಮುಂದಿನ ಭಾನುವಾರ ಫೋನು ಮತ್ತೆ ಹೊಡೆದುಕೊಂಡಿತು. ಈಗ ಆ ಚಿಕ್ಕಮ್ಮನಿಗೇ ಬೇಕಾಗಿತ್ತು. ಹೆಚ್ಚೇನಿಲ್ಲ, ಇವತ್ತು ತಡ ಆಗುತ್ತೆ ನೀನು ಊಟ ಮಾಡಿಬಿಡು ಅನ್ನುವ ಒಂದು ಮಾತು. ಗಿಳಿ ಒಂದು ಸಲ ಧೈರ್ಯ ಮಾಡಿ, ಸ್ವಂತ ದನಿಯಲ್ಲಿ, ಹೇಗಿದ್ದೀರಿ ಚಿಕ್ಕಮ್ಮಾ ಎಂದು ಕೇಳಿದ್ದಳು. ಆ ಕಡೆಯಿಂದ "ಯಾರು?" ಅನ್ನುವ ಪ್ರಶ್ನೆ ಬಂತಂತೆ. ಅವಳು ಸೋತು ಆ ದನಿಗೇ ಮರಳಿದಳು.

ನಾನು ಬಾಯಿಗೆ ಬಂದ ಹಾಗೆ ಬಯ್ದೆ. ಆ ಹೆಂಗಸಿಗೆ ಬುದ್ಧಿ ಬೇಡವೇ, ಸತ್ತವಳನ್ನು ಸಾಯಲು ಬಿಡಬಾರದೇ, ನಿನಗಾದರೂ ತಲೆ ಇಲ್ಲವೇ, ನಂಬರ್ ಬ್ಲಾಕ್ ಮಾಡು ಎಂದೆ. ಗಿಳಿ ಮಡಚಿದ ಬಟ್ಟೆಯನ್ನೇ ಮತ್ತೆ ಮಡಚುತ್ತ, ನೀನು ಚಿಕ್ಕಮ್ಮನ ಮುಖ ನೋಡಿಲ್ಲ ಅಕ್ಕ ಎಂದಳು, ಅಷ್ಟೇ.

ಹೋದ ವರ್ಷ ಅಮ್ಮ ಹೋದಳು. ಜ್ವರ ಎಂದು ಆಸ್ಪತ್ರೆಗೆ ಸೇರಿಸಿದೆವು, ನಾವು ಟೀ ಕುಡಿದು ವಾಪಸು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನ್ನ ಫೋನಿನಲ್ಲಿ ಅಮ್ಮನ ಫೋಟೋಗಳಿವೆ, ದನಿ ಇಲ್ಲ. ಅಮ್ಮನಿಗೆ ಫೋನಿನಲ್ಲಿ ಮಾತಾಡುವುದೆಂದರೆ ಆಗುತ್ತಿರಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿ, ಯಾರೂ ಕೇಳದೆ, ನಾನು ಒಂದು ಗಳಿಗೆ ಹಾಗೇ ನಿಲ್ಲುತ್ತಿದ್ದೆ. ಕೆಲವು ಸಲ ಬೇಕೆಂದೇ ತೆರೆದಿಟ್ಟೆ.

ಒಂದು ಮಧ್ಯಾಹ್ನ ಅಮ್ಮನ ಬೀರು ಖಾಲಿ ಮಾಡಲು ಕೂತೆವು. ಸೀರೆಗಳನ್ನು ನೆಲದ ಮೇಲೆ ಹರವಿಕೊಂಡು, ಯಾವುದು ಯಾರಿಗೆ ಎಂದು ಇಬ್ಬರೂ ಹೇಳಲಾರದೆ ಕೂತಿದ್ದೆವು. ನನ್ನ ಬಾಯಿಂದ ಅದು ಹೇಗೆ ಬಂತೋ ಗೊತ್ತಿಲ್ಲ.

"ಗಿಳೀ, ಅಮ್ಮನ ಹಾಗೆ ಒಂದು ಸಲ ಬಾಗಿಲು ಕೇಳೇ."

ಅವಳು ನನ್ನನ್ನೇ ನೋಡಿದಳು. ಅಮ್ಮ ಬೇಡ ಅಂದಿದ್ದಳಲ್ಲ ಎಂದಳು.

"ಒಂದೇ ಒಂದು ಸಲ" ಎಂದೆ.

ಗಿಳಿ ಕಣ್ಣು ಮುಚ್ಚಿದಳು. ಅಮ್ಮ ಅಡುಗೆಮನೆಯಲ್ಲಿ ನಿಲ್ಲುತ್ತಿದ್ದ ಹಾಗೆ ನನಗೆ ಬೆನ್ನು ತಿರುಗಿಸಿ ಕೂತಳು. "ಬಾಗಿಲು" ಎಂದಳು. ಅಲ್ಲಿ ಸಣ್ಣಗೆ ಉಸಿರು ಒಳಗೆ ಎಳೆದುಕೊಂಡಳು. "ಹಾಕಿದ್ಯೇನೇ?"

ಮಾತು ಅಮ್ಮನದು. ದನಿ ತೆಳ್ಳಗೆ, ಮೂಗಿನಿಂದ, ಮೆಟ್ಟಿಲು ಇಳಿಯುವ ಅವಸರದಲ್ಲಿ ಬಂತು.

ಗಿಳಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಊರಿನವರನ್ನೆಲ್ಲ ಬಾಯೊಳಗೆ ಕೂರಿಸಿಕೊಂಡಿದ್ದವಳು, ಹೆತ್ತ ತಾಯಿಗೆ ಜಾಗವಿಲ್ಲದೆ ಬಿಕ್ಕಿ ಬಿಕ್ಕಿ ಅತ್ತಳು.

"ಬರ್ತಿಲ್ಲ ಅಕ್ಕಾ. ಇವಳು ಜಾಗ ಬಿಡ್ತಿಲ್ಲ."

ಹೋಗಲಿ ಬಿಡು ಎಂದು ನಾನು ಹೇಳಬೇಕಾಗಿತ್ತು. ದೊಡ್ಡವಳು ನಾನು. ಅವಳ ಬೆನ್ನು ಸವರಿದೆ, ಅಳು ನಿಲ್ಲುವ ತನಕ ಕಾದೆ. ಆಮೇಲೆ, ಇನ್ನೊಂದು ಸಲ ಹೇಳು ಎಂದೆ.

ಅವಳು ಹೇಳಿದಳು. ಅದೇ ಹುಡುಗಿ, ಅದೇ ಉಸಿರು.

"ಹಾಕ್ದೆ ಅಮ್ಮ" ಅಂದೆ.