ಮಕ್ತುಮಸಾಬ ಮಾಸ್ತರರ ಬಣ್ಣದ ಪೆಟ್ಟಿಗೆ

ಮಕ್ತುಮಸಾಬ ಮಾಸ್ತರರ ಹೆಸರು ಶೇಖಮ್ಮನ ಕಿವಿಗೆ ಮೊದಲು ಬಿದ್ದದ್ದು ನಳದ ಮುಂದೆ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ವಾರವದು. ರಂಗಂಪೇಟೆಯ ಆ ಹಳೆಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಕೆಲಸ ಶೇಖಮ್ಮನದು, ಜೊತೆಗೆ ಮೌನಮ್ಮನದು. ಮೌನಮ್ಮ ಒಂದು ಕೊಡ ತುಂಬುವುದರೊಳಗೆ ಊರ ಸುದ್ದಿಯನ್ನೆಲ್ಲ ಖಾಲಿ ಮಾಡುವ ಹೆಂಗಸು.

"ಏ ಶೇಖಮ್ಮ, ಸಾಲಿಗಿ ಹೊಸಾ ಮಾಸ್ತರ ಬಂದಾನ ನೋಡು, ಶಹಾಪುರದಾಂವ. ಮಕ್ತುಮಸಾಬ ಅಂತ. ಬಂದ ದಿನಾನೇ ಅಟ್ಟ ಹತ್ತಿ ಯಾವುದೋ ಹಳೀ ಪೆಟ್ಟಿಗಿ ಇಳಿಸ್ಯಾನ. ಅದರಾಗಿನ ರೇಸಿಮಿ ದಾರ ಬಿಸಿಲಿಗಿ ಹರವಿಕೊಂಡು ಕುಂತಾನ."

"ಮಾಸ್ತರನೋ ನೇಕಾರನೋ?" ಎಂದಳು ಶೇಖಮ್ಮ.

"ಯಾವಾನರ ಆಗ್ಲಿ, ನಮ್ಮ ಒಲಿ ಕಡಿ ಬರದಿದ್ರ ಸಾಕವ್ವ."

ಮರುದಿನವೇ ಅವರು ಒಲೆಯ ಕಡೆಗೆ ಬಂದರು. ಅಡುಗೆ ಕೋಣೆಯ ಬಾಗಿಲು ಮೂಡಲಕ್ಕೆ ಇತ್ತು, ಬೆಳಕು ಚೆನ್ನಾಗಿ ಬೀಳುತ್ತಿತ್ತು. ಐವತ್ತು ದಾಟಿದ, ತೆಳ್ಳಗಿನ, ನರೆತ ಗಡ್ಡದ ಮನುಷ್ಯ. ಹೊಸ್ತಿಲ ಹೊರಗೆ ಚಾಪೆ ಹಾಸಿ ಪೆಟ್ಟಿಗೆ ತೆರೆದರು. ನಿಜಾಮರ ಕಾಲದ ಸಾಗವಾನಿ ಪೆಟ್ಟಿಗೆ. ಮುಚ್ಚಳದ ಮೇಲಿನ ಉರ್ದು ಅಕ್ಷರಗಳು ಅರ್ಧ ಅಳಿಸಿಹೋಗಿದ್ದವು. ಒಳಗೆ ಬೆರಳುದ್ದದ ಕಟ್ಟಿಗೆಯ ಚಿಕ್ಕ ಚಿಕ್ಕ ಹಲಗೆಗಳು. ಒಂದೊಂದಕ್ಕೂ ನಡುವೆ ರೇಷ್ಮೆ ದಾರ ಒತ್ತಾಗಿ ಸುತ್ತಿದ್ದರು, ಹಿಡಿಯಲಿಕ್ಕೆಂದು ಎರಡೂ ತುದಿಗೆ ಕಟ್ಟಿಗೆ ಬಿಟ್ಟಿದ್ದರು. ಕೆಂಪೆಂದರೆ ಒಂದೇ ಕೆಂಪಲ್ಲ, ಕಡುಗೆಂಪಿನಿಂದ ಹಿಡಿದು ಕೂಸಿನ ಅಂಗಾಲಿನ ತಿಳಿಗೆಂಪಿನವರೆಗೆ ಸಾಲು ಸಾಲು. ಹಸಿರು, ನೀಲಿ, ಹಳದಿ, ಎಲ್ಲವೂ ಹಾಗೆಯೇ. ಮಕ್ಕಳು ಅವನ್ನು ಕೈಯಲ್ಲಿ ಹಿಡಿದು, ಜೋಡಿಸಿ ಬಣ್ಣ ಕಲಿಯಬೇಕಂತೆ. ಎಷ್ಟೋ ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ.

ಮಾಸ್ತರರು ಒಂದು ಹಲಗೆ ಎತ್ತಿ ಹಿಡಿದರು. "ಅಕ್ಕಾ, ಇದು ಯಾವ ಬಣ್ಣ?"

ಅಕ್ಕಿ ಆರಿಸುತ್ತಿದ್ದ ಶೇಖಮ್ಮ ಗಾಬರಿಯಾದಳು. ಎರಡನೆಯ ಇಯತ್ತೆಗೇ ಶಾಲೆ ಬಿಟ್ಟವಳು ಅವಳು. ಅಕ್ಷರ ಮರೆತು ಎಷ್ಟೋ ಕಾಲವಾಗಿತ್ತು. ಈ ವಯಸ್ಸಿನಲ್ಲಿ ತನ್ನ ಪರೀಕ್ಷೆ ಮಾಡಲಿಕ್ಕೆ ಬಂದಿದ್ದಾನಲ್ಲ ಈ ಮಾಸ್ತರ ಎಂದುಕೊಂಡಳು.

"ಹಣ್ಣ ಮೆಣಸಿನಕಾಯಿದ್ರಿ."

"ಅಂದ್ರ ಕೆಂಪು?"

"ಮತ್ತ ಹಣ್ಣ ಮೆಣಸಿನಕಾಯಿ ನೀಲಿ ಇರ್ತದೇನ್ರಿ?"

ಮಾಸ್ತರರು ನಕ್ಕು, ಕಿಸೆಯಿಂದ ಸಣ್ಣ ಚಾಕು ತೆಗೆದು ಹಲಗೆಯ ತುದಿಗೆ ಒಂದು ಕಚ್ಚು ಹಾಕಿದರು. ಮುಂದಿನದಕ್ಕೆ ಶೇಖಮ್ಮ "ಎಳೀ ಜ್ವಾಳದ ಎಲಿ" ಎಂದಳು. ಅದಕ್ಕೆ ಎರಡು ಕಚ್ಚು ಬಿದ್ದವು. ದಿನಾಲೂ ಇಷ್ಟಿಷ್ಟು ನಡೆಯಿತು. ಶೇಖಮ್ಮನಿಗೆ ಹುರುಪು ಬಂತು. ಮನೆಗೆ ಹೋಗುವ ದಾರಿಯಲ್ಲಿ ಹಗ್ಗದ ಮೇಲಿನ ಸೀರೆಗಳನ್ನು ನೋಡಿ, ಇದು ತೊಗರಿ ಹೂವು, ಇದು ಕುಸುಬಿ ಹೂವು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮಾಸ್ತರರ ಮುಂದೆ ತಪ್ಪಬಾರದಲ್ಲ!

"ನಿನಗ ಪಾಸು ಮಾಡಿ ಕಾಲೇಜಿಗಿ ಕಳಸ್ತಾನ ನೋಡು," ಎಂದು ಮೌನಮ್ಮ ಕಾಡುತ್ತಿದ್ದಳು.

ಒಂದು ದಿನ ಮಾಸ್ತರರು ಸುರಪುರದ ಬಜಾರಿನಿಂದ ಸಾಂಬಾರಿಗೆಂದು ಟೊಮ್ಯಾಟೊ ತಂದರು. ಮೌನಮ್ಮ ಚೀಲ ಸುರಿದಳು. ಅರ್ಧಕ್ಕರ್ಧ ಹಸಿರು ಕಾಯಿ.

"ಮಾಸ್ತರ್ರ, ಸಾಂಬಾರ ಮಾಡೂದೋ, ಉಪ್ಪಿನಕಾಯಿ ಹಾಕೂದೋ?"

ಮಾಸ್ತರರು ನಕ್ಕರು. ಆದರೆ ಮುಖ ಸಣ್ಣದಾಗಿತ್ತು. ಕುಕ್ಕರಗಾಲಿನಲ್ಲಿ ಕುಳಿತು ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತಿ, ಮೆತ್ತಗಿದ್ದವನ್ನು ಬೇರೆ ಇಡತೊಡಗಿದರು. ಕತ್ತಲೆಯಲ್ಲಿ ಸಾಮಾನು ತಡಕಾಡುವವರ ಹಾಗೆ. ಶೇಖಮ್ಮ ಅದನ್ನು ನೋಡುತ್ತ ನಿಂತಳು. ಇಷ್ಟು ದಿನ ಅವರು ತನಗೆ ಕಲಿಸುತ್ತಿರಲಿಲ್ಲ, ತನ್ನಿಂದ ಕೇಳಿ ತಿಳಿದುಕೊಳ್ಳುತ್ತಿದ್ದರು ಎಂದು ಅವಳಿಗೆ ಆಗ ಹೊಳೆಯಿತು.

ಮೌನಮ್ಮ ನೀರಿಗೆ ಹೋದಾಗ ಮೆಲ್ಲಗೆ ಕೇಳಿದಳು. "ಕೆಂಪು ಹಸಿರು ನಿಮಗ ಒಂದ ಕಾಣಸ್ತಾವೇನ್ರಿ?"

ಮಾಸ್ತರರು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು, ಹೌದೆಂದು ತಲೆಯಾಡಿಸಿದರು. ಅವರ ತಂದೆ ಶಹಾಪುರದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಸಣ್ಣವರಿದ್ದಾಗ ಇವರ ಕೈಗೂ ಕುಂಚ ಕೊಟ್ಟಿದ್ದರು. ಒಂದು ಬಟ್ಟೆ ಅಂಗಡಿಯ ಬೋರ್ಡಿನ ಮೇಲೆ, ಕೆಂಪು ತುಂಬು ಎಂದ ಕಡೆ ಇವರು ಹಸಿರು ತುಂಬಿದರು. ಬೇಕಂತಲೇ ಮಾಡಿದ್ದಾನೆಂದು ತಂದೆ ಅದೇ ಕುಂಚದ ಹಿಡಿಯಿಂದ ಹೊಡೆದರು. ದೊಡ್ಡವರಾಗಿ ವಾಡಿ ಜಂಕ್ಷನ್ನಿಗೆ ರೈಲ್ವೆ ಕೆಲಸ ಕೇಳಲಿಕ್ಕೆ ಹೋದಾಗ ಅಲ್ಲಿಯ ಡಾಕ್ಟರರು ಪರೀಕ್ಷೆ ಮಾಡಿ ಹೇಳಿದ ಮೇಲೆಯೇ ಅವರಿಗೆ ತಮ್ಮ ಕಣ್ಣಿನ ಸಂಗತಿ ಗೊತ್ತಾದದ್ದು.

"ಲಗ್ನಕ್ಕ ಕೆಂಪು ಸೀರಿ ಅಂತ ಹಸರು ಒಯ್ದಿದ್ದೆ. ನಮ್ಮಾಕಿ ಇವತ್ತಿಗೂ ನಗ್ತಾಳ," ಎಂದರು. ಆಮೇಲೆ ದನಿ ತಗ್ಗಿಸಿದರು. "ಅಕ್ಕಾ, ಇದು ಮಂದಿಗಿ ಗೊತ್ತಾದ್ರ ಪೆಟ್ಟಿಗಿ ಮತ್ತ ಅಟ್ಟ ಹತ್ತತದ. ಬಣ್ಣ ಕಾಣದಾಂವ ಬಣ್ಣ ಏನ ಕಲಸ್ತಾನ ಅಂತಾರ."

"ನಾ ಯಾಕ ಹೇಳ್ಲಿ? ನಾ ಅಕ್ಷರ ಕಾಣದಾಕಿ. ಮಂದಿನ್ನ ಕೇಳಿ ಕೇಳಿ, ನಾಕು ಬಸ್ಸು ಬಿಟ್ಟು ಐದನೇದು ಹತ್ತತೇನಿ."

"ಹಂಗಾದ್ರ ನೀವು ನನಗ ಬಣ್ಣ ಓದಿ ಹೇಳ್ರಿ, ನಾ ನಿಮಗ ಬಸ್ಸಿನ ಬೋರ್ಡು ಓದೂದು ಕಲಸ್ತೇನಿ."

ಮಾತು ಹಾಗೆಯೇ ನಡೆಯಿತು. ಉಪ್ಪು, ಬೇಳೆ, ಸಾಸಿವೆಯ ಡಬ್ಬಿಗಳ ಮೇಲೆ ಮಾಸ್ತರರು ಸುಣ್ಣದ ಕಡ್ಡಿಯಿಂದ ಹೆಸರು ಬರೆದರು. ದಿನಾಲೂ ಕಣ್ಣಿಗೆ ಬಿದ್ದು ಬಿದ್ದು ಅಕ್ಷರಗಳು ಶೇಖಮ್ಮನಿಗೆ ಗುರುತಾದವು. ಮಗಳ ಮನೆಗೆ ಹೋಗುವಾಗ ಯಾದಗಿರಿ ಬಸ್ಸನ್ನು ಯಾರನ್ನೂ ಕೇಳದೆ ಹತ್ತಿದ ದಿನ, ಸೀಟಿನಲ್ಲಿ ಕುಳಿತು ಒಬ್ಬಳೇ ನಕ್ಕಳು.

ಮಾಸ್ತರರ ಬಣ್ಣದ ಪಾಠವೆಂದರೆ ಮಕ್ಕಳಿಗೆ ಹಬ್ಬ. ಕೋಣೆಯ ಈ ಬದಿ ಒಂದು ಹಲಗೆ ತೋರಿಸುತ್ತಿದ್ದರು. ಮಗು ಅದನ್ನು ಕಣ್ಣಲ್ಲಿ ತುಂಬಿಕೊಂಡು ಆ ಬದಿಗೆ ಓಡಿ, ಅದೇ ಬಣ್ಣದ ಜೋಡಿ ಹುಡುಕಿ ತರಬೇಕು. ತಂದದ್ದನ್ನು ಮಾಸ್ತರರು ಕೈಗೆ ತೆಗೆದುಕೊಂಡು ತುದಿಯ ಮೇಲೆ ಹೆಬ್ಬೆರಳು ಆಡಿಸಿ, "ಶಾಬಾಸ್!" ಎನ್ನುತ್ತಿದ್ದರು. ಆ ಬೆರಳು ಕಚ್ಚು ಎಣಿಸುತ್ತದೆಂದು ಅಡುಗೆ ಕೋಣೆಯ ಶೇಖಮ್ಮನಿಗೆ ಬಿಟ್ಟರೆ ಯಾರಿಗೂ ತಿಳಿಯದು. ಇನ್ನು ಒಂದೇ ಬಣ್ಣದ ಕಡು ಯಾವುದು, ತಿಳಿ ಯಾವುದು ಎಂಬುದಕ್ಕೆ ಅವರಿಗೆ ಕಚ್ಚು ಬೇಕಾಗಿರಲಿಲ್ಲ. ಅದರಲ್ಲಿ ಅವರ ಕಣ್ಣು ಎಂದೂ ತಪ್ಪಲಿಲ್ಲ.

ಹೀಗೆ ಕೆಲವು ವರ್ಷ ಕಳೆದವು. ಒಮ್ಮೆ ಪಾಲಕರನ್ನೆಲ್ಲ ಕರೆದ ದಿನ, ಮುಖ್ಯ ಗುರುಗಳ ಮುಂದೆಯೇ ಬಣ್ಣದ ಆಟ ನಡೆಯಿತು. ಹಮಾಲಿ ವೆಂಕಟಪ್ಪನ ಮಗ ಸಾಯಿಕುಮಾರ ಒಂದನೆಯ ಇಯತ್ತೆಗೆ ಹೊಸದಾಗಿ ಸೇರಿದ್ದ. ಕೆಂಪು ಹಲಗೆ ನೋಡಿ ಓಡಿದವನು ಹಸಿರು ತಂದ. ಮತ್ತೆ ಕಳಿಸಿದರು, ಮತ್ತೆ ಹಸಿರೇ ತಂದ. ಮಕ್ಕಳು ಗೊಳ್ಳೆಂದು ನಕ್ಕರು. ಯಾವಳೋ ಹುಡುಗಿ "ಎಮ್ಮಿಗಣ್ಣ!" ಎಂದು ಕೂಗಿದಳು. ವೆಂಕಟಪ್ಪನಿಗೆ ಮರ್ಯಾದೆ ಹೋದಂತಾಯಿತು. ದಡಬಡನೆ ಎದ್ದು ಬಂದ.

"ಮಂಗ್ಯಾನ ಮಗನ, ಬಣ್ಣಾನೂ ತಿಳಿಯಂಗಿಲ್ಲೇನಲೇ ನಿನಗ? ಚ್ಯಾಷ್ಟಿ ಮಾಡಾಕತ್ತಿಯಾ?" ಎಂದು ಕೈ ಎತ್ತಿದ.

ಬಾಗಿಲಲ್ಲಿ ಸೌಟು ಹಿಡಿದು ನಿಂತ ಶೇಖಮ್ಮ ಮಾಸ್ತರರ ಮುಖ ನೋಡಿದಳು. ಬಾಯಿ ಬಿಟ್ಟರೆ ಪೆಟ್ಟಿಗೆ ಹೋಗುತ್ತದೆ. ಬಿಡದಿದ್ದರೆ ಹುಡುಗನಿಗೆ ಏಟು ಬೀಳುತ್ತದೆ.

ಮಾಸ್ತರರು ವೆಂಕಟಪ್ಪನ ಕೈ ಹಿಡಿದರು. "ವೆಂಕಟಪ್ಪ, ಹೊಡಿಯೂದಿದ್ರ ಮೊದಲ ನನಗ ಹೊಡಿ. ನನಗೂ ಹಂಗ ಕಾಣಸ್ತದ."

ನಗುತ್ತಿದ್ದ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು.

"ಏನಂತೀರಿ ಮಾಸ್ತರ್ರ?" ಎಂದರು ಮುಖ್ಯ ಗುರುಗಳು. "ಮತ್ತ ಇಷ್ಟು ವರ್ಷ ಹೆಂಗ ಕಲಿಸಿದ್ರಿ?"

ಮಾಸ್ತರರು ಹಲಗೆಯ ಕಚ್ಚನ್ನು ಅವರ ಕೈಗೆ ಮುಟ್ಟಿಸಿದರು. "ಬೆರಳು ನನ್ನವು, ಕಣ್ಣು ಶೇಖಮ್ಮಕ್ಕಂದು."

ಎಲ್ಲರೂ ತಿರುಗಿ ನೋಡಿದಾಗ ಶೇಖಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಮೌನಮ್ಮ ಸುಮ್ಮನಿರುವವಳೇ? "ಅದಕ್ಕ ಅವತ್ತು ಹಸರು ಟೊಮ್ಯಾಟೊ ತಂದಿದ್ರಿ! ನಾ ಅಗ್ಗಕ್ಕ ಸಿಕ್ಕಾವಂತ ತಂದ್ರಿ ಅಂದ್ಕೊಂಡಿದ್ದೆ," ಎಂದಳು. ಮೊದಲು ನಕ್ಕವರು ಮಾಸ್ತರರೇ. ಆಮೇಲೆ ಕೋಣೆಯೆಲ್ಲ ನಕ್ಕಿತು. ವೆಂಕಟಪ್ಪನ ಕೈ ತಾನಾಗಿ ಇಳಿದು ಮಗನ ತಲೆಯ ಮೇಲೆ ಬಂತು.

ಮಾಸ್ತರರು ಸಾಯಿಕುಮಾರನ ಮುಂದೆ ನೀಲಿ ಹಲಗೆಗಳನ್ನೆಲ್ಲ ಸುರಿದು, ಕಡುವಿನಿಂದ ತಿಳಿಗೆ ಜೋಡಿಸು ಎಂದರು. ಹುಡುಗ ಒಂದೂ ತಪ್ಪದೆ ಜೋಡಿಸಿದ. ಮುಖ್ಯ ಗುರುಗಳು ಬಾಗಿ ನೋಡಿದರು. ಅವರಿಗೇ ನಡುವಿನ ಎರಡು ಹಲಗೆಗಳ ವ್ಯತ್ಯಾಸ ಕಾಣಲಿಲ್ಲವಂತೆ. "ಪೆಟ್ಟಿಗಿ ನಿಮ್ಮ ವರ್ಗದಾಗೇ ಇರಲಿ," ಎಂದು ಎದ್ದರು. ಅಂದು ಪಾಯಸ ಇರಲಿಲ್ಲ, ಬರೇ ಅನ್ನ ಸಾರು. ಆದರೂ ಅಷ್ಟು ಸೊಗಸಾದ ಊಟವನ್ನು ಆ ಶಾಲೆಯಲ್ಲಿ ಮತ್ತೆ ಬಡಿಸಿದ ನೆನಪು ಶೇಖಮ್ಮನಿಗಿಲ್ಲ.

ಮಾಸ್ತರರು ನಿವೃತ್ತರಾಗಿ ಶಹಾಪುರಕ್ಕೆ ಹೋದರು. ಪೆಟ್ಟಿಗೆ ಶಾಲೆಯಲ್ಲೇ ಉಳಿಯಿತು. ಶೇಖಮ್ಮ ಈಗ ಒಲೆ ಬಿಟ್ಟಿದ್ದಾಳೆ. ಆದರೆ ಮನೆ ಶಾಲೆಯ ಗೋಡೆಗೆ ಹೊಂದಿಕೊಂಡೇ ಇರುವುದರಿಂದ, ಬಣ್ಣದ ಪಾಠವಿದ್ದಾಗ ಹೊಸ ಟೀಚರಮ್ಮ ಅವಳನ್ನು ಕರೆಯುತ್ತಾಳೆ. ಮಾಸ್ತರರು ತೀರಿಕೊಂಡದ್ದು ಹೋದ ವರ್ಷ ತೊಗರಿ ಹೂಬಿಡುವ ಹೊತ್ತಿಗೆ, ನಿದ್ದೆಯಲ್ಲೇ, ಯಾರಿಗೂ ತ್ರಾಸು ಕೊಡದೆ. ಅದಕ್ಕೂ ಕೆಲವು ದಿನ ಮುಂಚೆ ಒಂದು ಸಲ ಅವಳ ಮನೆಗೆ ಬಂದಿದ್ದರು. ಕೈಯಲ್ಲಿ ಒಂದು ಚೀಲ ಟೊಮ್ಯಾಟೊ, ಎಲ್ಲವೂ ಕೆಂಪು.

"ನಿಮ್ಮಾಕಿ ಆರಿಸಿ ಕೊಟ್ಟಾಳ," ಎಂದಳು ಶೇಖಮ್ಮ.

"ಮತ್ತ?" ಎಂದು ನಕ್ಕರು.

ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದರು. ಶಾಲೆಯ ಕಡೆ ಮಕ್ಕಳ ಗದ್ದಲ ಕೇಳುತ್ತಿತ್ತು. ಏಳುವ ಮುಂದೆ ಅವಳ ಕಡೆ ತಿರುಗಿದರು.

"ಅಕ್ಕಾ, ಒಂದು ಮಾತು. ಹೊಸಾ ಹುಡುಗರು ಬರ್ತಿರ್ತಾವ. ಅದರಾಗ ನನ್ನಂಥಾಂವ ಒಬ್ಬ ಬಂದೇ ಬರ್ತಾನ. ಅವಗ ಕಚ್ಚಿನ ಲೆಕ್ಕ ಆಮ್ಯಾಲ ಹೇಳ್ರಿ. ಮೊದಲ ಬಾಜೂಕ ಕುಂಡ್ರಿಸಿಕೊಂಡು, ನಿನಗ ಹೆಂಗ ಕಾಣಸ್ತದಪ್ಪಾ ಅಂತ ಕೇಳ್ರಿ. ನಾ ಸಣ್ಣಾಂವ ಇದ್ದಾಗ ಯಾರೂ ಕೇಳಲಿಲ್ಲ."