ಸುರಂಗದೊಳಗೆ ಒಂದು ಪೂಜೆ

ಪತ್ರೆ ಮಾರುವ ಹೆಂಗಸು ಇವತ್ತೂ ಎರಡು ಕಟ್ಟು ಬಿಲ್ವಪತ್ರೆ ಇಟ್ಟು ಹೋದಳು. ಒಂದು ನನಗೆ, ಒಂದು ನನ್ನ ಹೆಂಡತಿ ಗಿರಿಜಮ್ಮನಿಗೆ. ಗಿರಿಜಮ್ಮ ತೀರಿಕೊಂಡು ಎರಡು ತಿಂಗಳಾಗುತ್ತ ಬಂತು. ಆ ಹೆಂಗಸಿಗೂ ಅದು ಗೊತ್ತು, ಮಣ್ಣು ಕೊಡುವಾಗಲೂ ಬಂದಿದ್ದಳು. “ಕೈ ತಾನಾಗೇ ಎರಡು ಕಟ್ತೈತ್ರಿ ಅಜ್ಜಾರ, ನಾನೇನ್ ಮಾಡ್ಲಿ?” ಎಂದಳು. ನಾನು ಬೇಡವೆನ್ನಲಿಲ್ಲ. ಎಲೆಯ ಹಸಿ ವಾಸನೆ ಪಡಸಾಲೆಯ ತುಂಬ ಹರಡಿತು.

ಕೈಯ ಮಾತು ಬಂದದ್ದರಿಂದ ನನ್ನದನ್ನೂ ಹೇಳಿಬಿಡುತ್ತೇನೆ. ಅವಳು ಹೋದಂದಿನಿಂದ ನನ್ನ ಎಡಗೈ ನಡುಗುತ್ತದೆ. ನಾವು ಲಿಂಗವಂತರು. ಕೊರಳ ಕರಡಿಗೆಯಲ್ಲಿರುವ ಇಷ್ಟಲಿಂಗವನ್ನು ಎಡ ಅಂಗೈ ಮೇಲಿಟ್ಟು ಪೂಜೆ ಮಾಡುವ ತನಕ ಗುಟುಕು ನೀರೂ ಕುಡಿಯುವುದಿಲ್ಲ. ಲಿಂಗ ಕೈಜಾರಿ ಬಿದ್ದರೆ ಪ್ರಾಣವೇ ಬಿದ್ದಂತೆ ಎಂಬುದು ಹಿರಿಯರ ಮಾತು. ಆ ಹೆದರಿಕೆಗೆ ಮಗ ಒಂದು ಹಿತ್ತಾಳೆ ತಟ್ಟೆ ತಂದಿಟ್ಟಿದ್ದಾನೆ. “ತಟ್ಟ್ಯಾಗೆ ಇಟ್ಟು ಮಾಡ್ರಿ ಅಪ್ಪಾಜಿ, ಶಿವ ಏನೂ ಅನ್ನಂಗಿಲ್ಲ” ಎನ್ನುತ್ತಾನೆ. ಶಿವ ಅನ್ನಲಿಕ್ಕಿಲ್ಲ. ಗಿರಿಜಮ್ಮ ಇದ್ದಿದ್ದರೆ ಅಂದೇ ಅನ್ನುತ್ತಿದ್ದಳು.

ಯಾಕೆ ಎಂದು ತಿಳಿಯಬೇಕಾದರೆ ನೀವು ನನ್ನ ಜೊತೆ ಅರವತ್ತರ ದಶಕಕ್ಕೆ ಬರಬೇಕು. ಆಗ ನಿಜಲಿಂಗಪ್ಪ ಬಡಾವಣೆಯ ಈ ಮನೆ ಇರಲಿಲ್ಲ. ಹಳೇ ಪೇಟೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ನಾನು ದಿನಾ ದಾವಣಗೆರೆಯಿಂದ ಪ್ಯಾಸೆಂಜರ್ ರೈಲು ಹತ್ತಿ ಹರಿಹರದ ಯಂತ್ರದ ಕಾರ್ಖಾನೆಗೆ ಹೋಗುತ್ತಿದ್ದ ಫಿಟ್ಟರ್. ಒಂದು ದಿನ ನನ್ನನ್ನು ತರಬೇತಿಗೆ ಜರ್ಮನಿಗೆ ಕಳಿಸುತ್ತಾರೆಂದು ತಿಳಿಯಿತು. ಬೊಂಬಾಯಿಯಿಂದ ಇಟಲಿಯವರೆಗೆ ಹಡಗು, ಅಲ್ಲಿಂದ ರಾತ್ರಿಯಿಡೀ ಮಲಗಿ ಹೋಗುವ ರೈಲು. ಅದು ಊರು ಮುಟ್ಟುವುದು ಮರುದಿನ ಮಧ್ಯಾಹ್ನ. ಹೋಗಿ ಬಂದಿದ್ದ ಇಂಜಿನಿಯರೊಬ್ಬರು ಹೇಳಿದರು: “ಒಂದು ಗೂಡಿಗೆ ಆರು ಜನ, ಒಬ್ಬರ ಮ್ಯಾಲೆ ಒಬ್ಬರು. ಶವದ ಪೆಟ್ಟಿಗೆ ಜೋಡಿಸಿದಂಗೆ!”

ಮನೆಗೆ ಬಂದು, “ಆ ಒಂದು ದಿನ ಮನಸ್ಸಿನಾಗೇ ಪೂಜೆ ಮಾಡಿಕೊಂತೀನಿ” ಎಂದೆ. ರೊಟ್ಟಿ ಬಡಿಯುತ್ತಿದ್ದ ಗಿರಿಜಮ್ಮ ತಲೆ ಎತ್ತಲಿಲ್ಲ.

“ಹಂಗಾರ ಇವತ್ತು ಊಟಾನೂ ಮನಸ್ಸಿನಾಗೇ ಮಾಡ್ರಿ. ರೊಟ್ಟಿ ಉಳೀತಾವೆ.”

“ರೈಲು ಅಲುಗಾಡ್ತೈತೆ. ಬಿದ್ರೆ ಏನ್ ಗತಿ?”

“ಬೀಳ್ದಂಗೆ ಕಲೀರಿ. ಅಷ್ಟು ದೊಡ್ಡ ಮಿಶನ್ ಬಿಚ್ಚಿ ಜೋಡಿಸ್ತೀರಿ, ಒಂದು ಅಂಗೈ ಹಿಡ್ಯಾಕ ಬರಲ್ಲ ಅಂದ್ರೆ!”

ದಾವಣಗೆರೆಯಲ್ಲಿ ಗರಡಿಮನೆಗಳಿಗೇನೂ ಕಡಿಮೆಯಿಲ್ಲ. ನನ್ನ ಗರಡಿ ಮಾತ್ರ ಹರಿಹರದ ಪ್ಯಾಸೆಂಜರು; ಉಸ್ತಾದ್ ನನ್ನ ಹೆಂಡತಿ. ರಜೆಯ ದಿನ ಅವಳೂ ರೈಲು ಹತ್ತುತ್ತಿದ್ದಳು. ಲಿಂಗದ ಬದಲು ನನ್ನ ಅಂಗೈ ಮೇಲೆ ಒಂದು ನಿಂಬೆಹಣ್ಣು. ಮೊದಲ ದಿನ ಗಾಡಿ ಸ್ಟೇಷನ್ ಬಿಡುವಾಗ ಕೊಟ್ಟ ಜಗ್ಗಿಗೇ ನಿಂಬೆಹಣ್ಣು ಉರುಳಿ ಎದುರಿನ ಸೀಟಿನಡಿ ಸೇರಿತು. ಅಲ್ಲಿ ಕೂತಿದ್ದವರೆಲ್ಲ ಗಬಕ್ಕನೆ ಕಾಲು ಮೇಲೆತ್ತಿಕೊಂಡರು.

“ಯಜಮಾನ್ರೆ, ಯಾರಿಗ್ರಿ ಮಾಟ ಮಾಡ್ಸೀರಿ?” ಎಂದು ಹತ್ತಿ ವ್ಯಾಪಾರಿಯೊಬ್ಬರು ಗದರಿಸಿದರು.

“ಮಾಟ ಅಲ್ರಿ ಅಣ್ಣಾರ, ಇವ್ರಿಗೆ ಕೂಡ್ರೋದು ಕಲಿಸಾಕ ಹತ್ತೀನಿ,” ಎಂದಳು ಗಿರಿಜಮ್ಮ. ಬೋಗಿಗೆ ಬೋಗಿಯೇ ನಕ್ಕಿತು. ನಾನು ಕಿಟಕಿಯಾಚೆ ಜೋಳದ ಹೊಲ ನೋಡುತ್ತ ಕುಳಿತೆ.

ಕೊನೆಗೆ ಗುಟ್ಟು ಹೇಳಿಕೊಟ್ಟವಳೂ ಅವಳೇ. “ನೀವು ಕೈ ಬಿಗಿ ಹಿಡೀತೀರಿ, ಅದಕ್ಕ ಬೀಳ್ತೈತೆ. ತುಂಬಿದ ಕೊಡ ತಲೆ ಮ್ಯಾಲೆ ಹೊತ್ತು ನಾವು ಬರಲ್ಲೇನು? ಸೊಂಟ ಅಲುಗಬೇಕು, ಕೊಡ ಅಲುಗಬಾರದು. ಗಾಡಿ ಎತ್ತ ವಾಲ್ತೈತೋ ಅತ್ತ ನೀವೂ ವಾಲ್ರಿ.” ಹಾಗೇ ಮಾಡಿದೆ. ಹರಿಹರದಲ್ಲಿ ಇಳಿಯದೆ ಮುಂದೆ ಹೋಗಿ, ತುಂಗಭದ್ರೆಯ ಸೇತುವೆಯನ್ನು ನಿಂಬೆಹಣ್ಣು ಬೀಳಿಸದೆ ದಾಟಿದ ದಿನ, ಅವಳು ಆ ಹಣ್ಣನ್ನೇ ಹಿಂಡಿ ಪಾನಕ ಮಾಡಿ ಕೊಟ್ಟಳು.

ಇಟಲಿಯಲ್ಲಿ ಹತ್ತಿದ ರೈಲು ಇಂಜಿನಿಯರು ಹೇಳಿದಂತೆಯೇ ಇತ್ತು. ನನಗೆ ಸಿಕ್ಕಿದ್ದು ನಡುವಿನ ಮಂಚ. ಕೆಳಗೆ ಒಬ್ಬ ಮುದುಕಿ, ಮೇಲೆ ಗೊರಕೆ ಹೊಡೆಯುವ ದಢೂತಿ ಮನುಷ್ಯ. ಬೆಳಗಾದಾಗ ಎಲ್ಲರೂ ಇನ್ನೂ ಮಲಗಿದ್ದರು. ಮುಖ ಕೈಕಾಲು ತೊಳೆದು ಬಂದು, ಕುತ್ತಿಗೆ ಬಗ್ಗಿಸಿ, ಮಂಡಿ ಮಡಿಸಿ ಹೇಗೋ ಕುಳಿತೆ. ಗಂಟಲು ಒಣಗಿತ್ತು. ಕರಡಿಗೆ ಬಿಚ್ಚಿದೆ. ಅಂಗೈ ಮೇಲೆ ನಿಂಬೆಹಣ್ಣಲ್ಲ, ನಿಜವಾದ ಲಿಂಗ. ವಿಭೂತಿ ಹಚ್ಚಿ, ಅವಳು ಕಟ್ಟಿಕೊಟ್ಟಿದ್ದ ಒಣ ಪತ್ರೆಯ ಎಸಳು ಏರಿಸುವಷ್ಟರಲ್ಲಿ ರೈಲು ಬೆಟ್ಟದ ಸುರಂಗದೊಳಕ್ಕೆ ನುಗ್ಗಿತು.

ಕಗ್ಗತ್ತಲೆ. ನನ್ನ ಕೈಯೇ ನನಗೆ ಕಾಣದು. ಗಾಡಿ ಒಮ್ಮೆ ಎಡಕ್ಕೆ ಎಳೆಯಿತು, ಒಮ್ಮೆ ಬಲಕ್ಕೆ ಒಗೆಯಿತು. ಮೇಲಿನವನ ಗೊರಕೆ ನಿಂತಿತು, ಅವನು ಏನೋ ಬೈದುಕೊಂಡ. ಮುಷ್ಟಿ ಬಿಗಿಯಲು ಬೆರಳು ಹವಣಿಸಿದವು. “ವಾಲ್ರಿ” ಎಂದು ಗಿರಿಜಮ್ಮ ಅಂದಂತಾಯಿತು. ವಾಲಿದೆ. ಎಷ್ಟು ಹೊತ್ತೋ ತಿಳಿಯದು. ಅಂಗೈಯ ನಡುವೆ ಆ ಸಣ್ಣ ಭಾರವೊಂದೇ ನನ್ನ ಪಾಲಿಗೆ ಇಡೀ ಲೋಕ. ಥಟ್ಟನೆ ಬೆಳಕು ಬಂತು. ಕಿಟಕಿಯ ತುಂಬ ಹಿಮ, ಬಿಸಿಲು. ಲಿಂಗ ಇಟ್ಟಲ್ಲೇ ಇತ್ತು. ಎಸಳು ಕೂಡ ಸರಿದಿರಲಿಲ್ಲ. ಪೂಜೆ ಮುಗಿಸಿ ನೀರು ಕುಡಿದೆ. ಕೆಳಗಿನ ಮುದುಕಿ ಕಣ್ಣು ಬಿಟ್ಟು ನೋಡುತ್ತಿದ್ದಳು. ಒಂದು ತುಂಡು ಬ್ರೆಡ್ಡು ಮೇಲಕ್ಕೆ ಚಾಚಿದಳು. ರಾಜನಂತೆ ಕೂತು ತಿಂದೆ, ಕುತ್ತಿಗೆ ಸೊಟ್ಟಗಿದ್ದ ರಾಜ.

ವರ್ಷ ಕಳೆದು ದಾವಣಗೆರೆ ಸ್ಟೇಷನ್ನಿನಲ್ಲಿ ಇಳಿದಾಗ ನಂಟರೆಲ್ಲ ಹಿಮ ಹೆಂಗಿತ್ತು, ಚಳಿ ಹೆಂಗಿತ್ತು ಎಂದು ಮುತ್ತಿದರು. ಗಿರಿಜಮ್ಮ ಮೆಲ್ಲಗೆ ಒಂದೇ ಮಾತು ಕೇಳಿದಳು: “ಬಿತ್ತೇನ್ರಿ?”

“ಇಲ್ಲ.”

ಆಮೇಲೆ ಅವಳ ದನಿ ಮೆಲ್ಲಗಿರಲಿಲ್ಲ. “ಕೇಳಿದ್ರೇನು? ನಮ್ಮನಿಯವ್ರು ಬೆಟ್ಟದ ಹೊಟ್ಟ್ಯಾಗೆ ಕುಂತು ಪೂಜೆ ಮಾಡಿ ಬಂದಾರ!” ಬೆಟ್ಟದ ಮಾತನ್ನು ನೀವಿನ್ನೂ ಅವಳಿಗೆ ಹೇಳಿಯೇ ಇರಲಿಲ್ಲವಲ್ಲ ಎನ್ನುತ್ತೀರೇನೋ. ಜರ್ಮನಿಯಿಂದಲೇ ಕಾಗದ ಬರೆದಿದ್ದೆ, ಆದರೂ ನನ್ನ ಬಾಯಿಂದ ಕೇಳುವ ತನಕ ಅವಳು ನಂಬಿರಲಿಲ್ಲ.

ಇವತ್ತು ಸ್ನಾನ ಮಾಡಿ ಮಣೆಯ ಮೇಲೆ ಕುಳಿತಾಗ ಮಗ ತಟ್ಟೆ ತಂದ. “ಬ್ಯಾಡ” ಎಂದೆ. ಅವನು ಹೋಗಲಿಲ್ಲ, ಬಾಗಿಲಲ್ಲೇ ನಿಂತ. ಲಿಂಗ ಅಂಗೈಗೆ ಬಂತು, ಕೈ ನಡುಗಿತು. ಇಷ್ಟು ದಿನ ಆ ನಡುಕವನ್ನು ಹಿಡಿದು ನಿಲ್ಲಿಸಲು ಹೋಗಿ, ಸೋತು ತಟ್ಟೆಗೇ ಮೊರೆ ಹೋಗುತ್ತಿದ್ದೆ. ಅವಳ ಮಣ್ಣಿನ ದಿನವೂ ಹಾಗೆಯೇ ಮೈ ಬಿಗಿಹಿಡಿದು ನಿಂತಿದ್ದೆ, ಒಂದು ಹನಿ ಕಣ್ಣೀರೂ ಬಂದಿರಲಿಲ್ಲ. ಇವತ್ತು ಬಿಟ್ಟುಬಿಟ್ಟೆ. ಹೆಗಲು ಅಲುಗಿತು, ಬೆನ್ನು ಅಲುಗಿತು, ಕಣ್ಣೀರು ಗಲ್ಲದಿಂದಿಳಿದು ಎದೆಯ ವಿಭೂತಿಯನ್ನು ತೋಯಿಸಿತು. ಇಡೀ ಮೈ ಅತ್ತಿತು. ಅಂಗೈ ಮಾತ್ರ ಅಳಲಿಲ್ಲ.

“ಅಪ್ಪಾಜಿ?” ಎಂದ ಮಗ, ಹೆದರಿ.

“ಪೂಜೆ ಆತು,” ಎಂದೆ. “ಮಂಡಕ್ಕಿ ಮಿರ್ಚಿ ತರಿಸು. ಹಸಿವಾಗೈತೆ.”