ಹಿಂದಕ್ಕೆ ಕಟ್ಟಿದ ಕೈ

ಪ್ರತಿ ಡಿಸೆಂಬರಿನಲ್ಲಿ ಮಾರ್ಲಾ ಫಿಂಚ್ ನಮ್ಮ ಕೋಚ್‌ಗೆಂದು ಪೀಕಾನ್ ಬೀಜ ತುಂಬಿ ಬೇಯಿಸಿದ ಒಂದು ಸಿಹಿ ಪೈ ಮಾಡಿ ತರುತ್ತಿದ್ದಳು. ಕೋಚ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬಾಯ್ತುಂಬ ಹೊಗಳಿ, ಅವಳ ಕಾರು ಮೂಲೆ ತಿರುಗಿದ್ದೇ ತಡ, ನನ್ನ ಕೋಣೆಗೆ ತಂದು ಮೇಜಿನ ಮೇಲೆ ಇಟ್ಟುಬಿಡುತ್ತಿದ್ದರು. ಒಂದು ಚೂರನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ನನ್ನ ಸೊಂಟದ ಈಗಿನ ಸುತ್ತಳತೆಗೆ ಅರ್ಧ ಕಾರಣ ಆ ಪೈಗಳು. ಉಳಿದರ್ಧಕ್ಕೆ ನಾನೇ ಹೊಣೆ.

ನಾನು ಮೇವಿಸ್ ಟಬ್. ಅಲಬಾಮಾದ ಲಾರೆಲ್ ಫೋರ್ಕ್ ಊರಿನ ಕಾಲೇಜಿನಲ್ಲಿ ಜಿಮ್ನಾಸ್ಟಿಕ್ಸ್ ಹುಡುಗಿಯರ ಕಾಲಿಗೆ ಪಟ್ಟಿ ಸುತ್ತುವುದು, ಉಳುಕಿಗೆ ಐಸ್ ಇಡುವುದು, ಅತ್ತರೆ ಬೈದು ಸುಮ್ಮನಾಗಿಸುವುದು ನನ್ನ ಕೆಲಸವಾಗಿತ್ತು. ಕೋಚ್ ಅಂದರೆ ರೊವೀನಾ ಪ್ರೂಯಿಟ್. ಕೋಳಿ ಸಾಕುವವನ ಮಗಳು. ಆಕೆ ಬಂದಾಗ ಕಾಲೇಜಿನವರು ಕೊಟ್ಟಿದ್ದು ದನಗಳ ಪ್ರದರ್ಶನ ನಡೆಯುತ್ತಿದ್ದ ಹಳೆಯ ಕೊಟ್ಟಿಗೆಯನ್ನು. ಎಷ್ಟು ತೊಳೆದರೂ ಮಳೆಗಾಲಕ್ಕೆ ವಾಸನೆ ಎದ್ದು ಬರುತ್ತಿತ್ತು. ಹರಿದ ಮ್ಯಾಟುಗಳನ್ನು ಕೋಚೇ ದಬ್ಬಣ ಹಿಡಿದು ಹೊಲಿಯುತ್ತಿದ್ದರು. ಮೊದಲ ವರ್ಷದ ಪಂದ್ಯಗಳಿಗೆ ಬಂದವರು ಹುಡುಗಿಯರ ಅಪ್ಪ ಅಮ್ಮ, ಮತ್ತು ಬೀಗ ಹಾಕಲು ಕಾದು ಕೂತ ಜವಾನ.

ಆಕೆ ಸುಮ್ಮನೆ ಕೂರುವ ಪೈಕಿಯಲ್ಲ. ಭಾನುವಾರ ಚರ್ಚು ಬಿಡುವ ಹೊತ್ತಿಗೆ ಬಾಗಿಲಲ್ಲಿ ನಿಂತು ಟಿಕೆಟು ಮಾರಿದರು. ಟಿಕೆಟು ತಂದವರಿಗೆಲ್ಲ ಒಂದು ಪೊಟ್ಟಣ ಬೇಯಿಸಿದ ಕಡಲೆಕಾಯಿ ಬಿಟ್ಟಿ ಎಂದು ಕ್ಷೌರದಂಗಡಿಗಳಲ್ಲಿ ಸಾರಿದರು. ಫುಟ್‌ಬಾಲ್ ಬಿಟ್ಟು ಬೇರೆ ಆಟವಿದೆ ಎಂದೇ ತಿಳಿಯದ ಗಂಡಸರು ಕಡಲೆಕಾಯಿಗೆ ಬಂದರು, ಹುಡುಗಿಯರು ತಗ್ಗಿನ ಕಂಬಿಯಿಂದ ಎತ್ತರದ ಕಂಬಿಗೆ ಹಾರುವುದನ್ನು ನೋಡಿ ಕಡಲೆಕಾಯಿ ಸುಲಿಯುವುದನ್ನೇ ಮರೆತರು. ಕೆಲವೇ ವರ್ಷಗಳಲ್ಲಿ ಕೊಟ್ಟಿಗೆ ಹೋಗಿ ದೊಡ್ಡ ಸಭಾಂಗಣ ಬಂತು, ಅದೂ ತುಂಬಿತು. ಕಪ್ಪುಗಳನ್ನಿಡಲು ಕಪಾಟು ಸಾಲದೆ ಕೆಲವನ್ನು ನನ್ನ ಕೋಣೆಯ ಐಸ್ ಪೆಟ್ಟಿಗೆಯ ಮೇಲೆ ಇಟ್ಟಿದ್ದೆವು.

ಕೋಚ್‌ದು ಒಂದು ಕಟ್ಟಳೆಯಿತ್ತು. ಪಂದ್ಯ ಮುಗಿಯುವವರೆಗೆ ನಮ್ಮವರು ಯಾರೂ ಅಂಕದ ಫಲಕ ನೋಡಬಾರದು. ನಮ್ಮ ಕುರ್ಚಿಗಳು ಫಲಕಕ್ಕೆ ಬೆನ್ನು ಮಾಡಿಯೇ ಇರುತ್ತಿದ್ದವು. "ಎಣಿಸೋರ ಕಾಲು ನಡುಗುತ್ತೆ. ನಿಮ್ಮ ಕೆಲಸ ಆಡೋದು, ಎಣಿಸೋದಲ್ಲ" ಎನ್ನುತ್ತಿದ್ದರು. ಈ ಮಾತನ್ನು ಪತ್ರಿಕೆಯವರು ಬರೆದರು, ನಮ್ಮ ಪಾದ್ರಿ ಉಪದೇಶದಲ್ಲಿ ಸೇರಿಸಿಕೊಂಡರು. ಕೋಚ್ ತಾವೂ ತಿರುಗಿ ನೋಡುತ್ತಿರಲಿಲ್ಲ. ಆಗ ನನಗೂ ಅದು ದೊಡ್ಡ ಗುಣವಾಗಿಯೇ ಕಂಡಿತ್ತು.

ಇನ್ನೊಂದು ಕಟ್ಟಳೆ ಆಟದ್ದೇ. ಕಂಬಿಯ ಮೇಲೆ ಹುಡುಗಿ ಆಡುವಾಗ ಕೋಚ್ ಕೆಳಗೆ ನಿಲ್ಲಬಹುದು, ಆದರೆ ಮುಟ್ಟಿದರೆ ಅರ್ಧ ಅಂಕ ಹೋಯಿತು. ಗೆಲುವು ಸೋಲು ಕೂದಲೆಳೆಯಲ್ಲಿ ತೀರ್ಮಾನವಾಗುವ ಆಟದಲ್ಲಿ ಅರ್ಧ ಅಂಕ ಅಂದರೆ ಮನೆಮಠ ಹೋದ ಹಾಗೆ. ಅದಕ್ಕೇ ನಮ್ಮ ಕೋಚ್ ಕಂಬಿಯ ಕೆಳಗೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಿದ್ದರು. ಪಂದ್ಯದ ಪೋಸ್ಟರಿನಲ್ಲೂ ಅದೇ ಚಿತ್ರ: ಮೇಲೆ ಹಾರುವ ಹುಡುಗಿ, ಕೆಳಗೆ ಕೈ ಕಟ್ಟಿ ನಿಂತ ರೊವೀನಾ ಪ್ರೂಯಿಟ್.

ಮಾರ್ಲಾ ಫಿಂಚ್ ನಮ್ಮಲ್ಲಿ ಕಂಬಿಯ ಮೇಲೆ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದ ಹುಡುಗಿ. ಲಾರಿ ಚಾಲಕನ ಮಗಳು, ಮಾತಿನ ಮಲ್ಲಿ. ಕಾಲಿಗೆ ಪಟ್ಟಿ ಸುತ್ತಿಸಿಕೊಳ್ಳುವಾಗಲೂ, "ಮಿಸ್ ಮೇವಿಸ್, ಇಷ್ಟು ಬಿಗಿ ಯಾಕೆ, ನಾನೇನು ದಾರ ಬಿಗಿದ ಹಂದಿ ತೊಡೆಯಾ?" ಎಂದು ನಗಿಸುತ್ತಿದ್ದಳು. ಆ ವರ್ಷ ವಲಯದ ಅಂತಿಮ ಪಂದ್ಯದಲ್ಲಿ ಕಂಬಿಯೇ ನಮ್ಮ ಕೊನೆಯ ಸುತ್ತು, ಅದರಲ್ಲಿ ಕೊನೆಯವಳು ಮಾರ್ಲಾ. ಪ್ರತಿ ಸುತ್ತಿನಲ್ಲಿ ಆರು ಹುಡುಗಿಯರು ಆಡುತ್ತಾರೆ, ತೀರ್ಪುಗಾರರು ಒಳ್ಳೆಯ ಐದು ಅಂಕಗಳನ್ನು ಲೆಕ್ಕಕ್ಕೆ ಹಿಡಿದು, ಎಲ್ಲಕ್ಕಿಂತ ಕಡಿಮೆಯದನ್ನು ಬಿಡುತ್ತಾರೆ. ಅವಳಿಗಿಂತ ಮುಂಚೆ ಆಡಿದ ಐವರೂ ತಪ್ಪಿಲ್ಲದೆ ಇಳಿದಿದ್ದರು. ಎದುರಾಳಿಗಳ ಆಟವೂ ಮುಗಿದು, ನಮ್ಮ ಮೊತ್ತ ಅವರದನ್ನು ದಾಟಿತ್ತು. ಅಂದರೆ ಕಪ್ಪು ಆಗಲೇ ನಮ್ಮದು. ಮಾರ್ಲಾ ಆಡಲಿ, ಬಿಡಲಿ, ಬೀಳಲಿ. ಫಲಕದ ಮೇಲೆ ಅದು ದೊಡ್ಡದಾಗಿ ಬಂದಿತ್ತು, ಇಡೀ ಸಭಾಂಗಣ ಎದ್ದು ಕುಣಿಯುತ್ತಿತ್ತು. ಗೊತ್ತಿಲ್ಲದವರು ಬೆನ್ನು ತಿರುಗಿಸಿ ಕೂತ ನಾವು ಮಾತ್ರ. ಜನ ಕಿರುಚಿದ್ದು ಮಾರ್ಲಾಳನ್ನು ಹುರಿದುಂಬಿಸಲು ಎಂದುಕೊಂಡೆವು.

ಅವಳು ಮೇಲಿನ ಕಂಬಿ ಬಿಟ್ಟು ಹಾರಿ, ತಿರುಗಿ, ಮತ್ತೆ ಹಿಡಿಯುವಾಗ ಬೆರಳ ತುದಿ ಮಾತ್ರ ತಾಕಿತು. ಕೆಳಗೆ ಬಂದಳು. ಎಡಗೈ ಊರಿದ ರೀತಿ ನೋಡಿಯೇ ನಾನು ಓಡಿದೆ. ಮೊಣಕೈ ಚೂರಾಗಿತ್ತು. ಇವತ್ತಿಗೂ ಆ ಕೈ ಪೂರ್ತಿ ನೇರವಾಗುವುದಿಲ್ಲ. ಅವಳ ಆಟ ಅಲ್ಲಿಗೆ ಮುಗಿಯಿತು, ಮುಂದಿನ ರಾಷ್ಟ್ರಮಟ್ಟದ ಪಂದ್ಯವನ್ನು ಅವಳಿಲ್ಲದೆ ನಾವು ಸೋತೆವು.

ಆಸ್ಪತ್ರೆಯಲ್ಲಿ ಕೋಚ್‌ನ ಮುಖ ಕಂಡೊಡನೆ ಮಾರ್ಲಾ ಅತ್ತುಬಿಟ್ಟಳು. "ಕೋಚ್, ಕ್ಷಮಿಸಿಬಿಡಿ. ನನ್ನ ಕೈ ಜಾರ್ತು. ಮುಂದೆ ದೊಡ್ಡ ಪಂದ್ಯ ಇಟ್ಕೊಂಡು ಎಲ್ಲಾ ಹಾಳು ಮಾಡಿಬಿಟ್ಟೆ."

ಕೋಚ್ ಅವಳ ತಲೆ ಸವರಿ, "ಆಯ್ತು ಬಿಡಮ್ಮ. ನನ್ನ ಕೈಗೂ ನೀನು ಎಟುಕಲಿಲ್ಲ" ಎಂದರು. ಪತ್ರಿಕೆಯವರಿಗೂ ಅದನ್ನೇ ಹೇಳಿದರು. ಅದಾದ ಮೇಲೆ ಅವರು ಮತ್ತೆಂದೂ ಕಂಬಿಯ ಕೆಳಗೆ ನಿಲ್ಲಲಿಲ್ಲ, ಸಹಾಯಕರನ್ನು ನಿಲ್ಲಿಸಿದರು. ಕಪ್ಪುಗಳೇನೋ ಬರುತ್ತಲೇ ಇದ್ದವು. ಯಾವನಾದರೂ ವರದಿಗಾರ ಮಾತಿಗೆ "ಕೈ" ಎಂದರೆ ಸಾಕು, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ ಎರಡೂ ಕೈಯನ್ನು ಜೇಬಿಗಿಳಿಸುತ್ತಿದ್ದರು. ಮಾರ್ಲಾ ಮದುವೆಯಾಗಿ, ಪಕ್ಕದ ಊರಿನಲ್ಲಿ ಮುಚ್ಚಿದ ದಿನಸಿ ಅಂಗಡಿಯೊಂದನ್ನು ಹಿಡಿದು ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಶಾಲೆ ನಡೆಸತೊಡಗಿದಳು. ವರ್ಷಕ್ಕೊಮ್ಮೆ ಪೈ ಹಿಡಿದು ಬರುತ್ತಿದ್ದಳು, ಹೋಗುವಾಗ ಬಾಗಿಲಲ್ಲಿ ನಿಂತು, "ಆವತ್ತು ನಾನು ಬಿಗಿಯಾಗಿ ಹಿಡೀಬೇಕಿತ್ತು ಕೋಚ್" ಎಂದು ತಪ್ಪದೆ ಹೇಳುತ್ತಿದ್ದಳು.

ಕೋಚ್ ನಿವೃತ್ತರಾಗುವ ವರ್ಷ ಸಭಾಂಗಣಕ್ಕೆ ಅವರ ಹೆಸರಿಡುವುದೆಂದು ಕಾಲೇಜು ನಿರ್ಧರಿಸಿತು. ಭಾಷಣಕ್ಕೆ ಮಾರ್ಲಾಳನ್ನು ಕರೆದಿದ್ದರು. ಸುದ್ದಿ ಬಂದ ಮಧ್ಯಾಹ್ನ ಕೋಚ್ ನನ್ನ ಕೋಣೆಗೆ ಬಂದು ಪಟ್ಟಿ ಸುತ್ತುವ ಮೇಜಿನ ಮೇಲೆ ಹುಡುಗಿಯರ ಹಾಗೆ ಕಾಲು ಇಳಿಬಿಟ್ಟು ಕುಳಿತರು.

"ಎಟುಕುತ್ತಿತ್ತು, ಮೇವಿಸ್."

"ಏನು ಎಟುಕುತ್ತಿತ್ತು?"

"ಮಾರ್ಲಾ. ಅವಳ ಬೆರಳು ಜಾರಿದ್ದು ಕಂಡೆ. ಕೈ ಮುಂದೆ ಬಂತು. ಅವಳೇ ಹಿಡ್ಕೊಂಡಾಳು, ಮುಟ್ಟಿದ್ರೆ ಅರ್ಧ ಅಂಕ ಹೋಗುತ್ತೆ ಅಂತ ವಾಪಸ್ ಕಟ್ಟಿಕೊಂಡೆ. ಆ ಅರ್ಧ ಅಂಕ ಯಾರಿಗೂ ಬೇಕಾಗಿರಲಿಲ್ಲ. ಒಂದು ಸಲ ತಿರುಗಿ ಫಲಕ ನೋಡಿದ್ರೆ ಸಾಕಿತ್ತು. ಜಂಭ ಕಣೇ, ನನಗೆ ಜಂಭ."

ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟು ವರ್ಷ 'ಕೋಚ್, ನೀವು' ಎನ್ನುತ್ತಿದ್ದವಳು ಹೆಸರು ಹಿಡಿದು ಕರೆದೆ. "ರೊವೀನಾ, ನನ್ನ ಹತ್ರ ಯಾಕೆ ಹೇಳ್ತೀಯ? ನಾನು ಕಾಲಿಗೆ ಪಟ್ಟಿ ಸುತ್ತೋಳು, ಪಾಪಕ್ಕಲ್ಲ. ಆ ಹುಡುಗಿ ಹತ್ರ ಹೋಗಿ ಹೇಳು."

"ಪ್ರತಿ ವರ್ಷ ಬಾಯಿಗೆ ಬರುತ್ತೆ. ಅವಳು ಪೈ ಹಿಡ್ಕೊಂಡು ನನ್ನ ಕ್ಷಮೆ ಕೇಳ್ತಾಳಲ್ಲ, ಆಗ ಬಿಸಿ ತುಪ್ಪ ಬಾಯಲ್ಲಿಟ್ಟ ಹಾಗಾಗುತ್ತೆ. ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ."

"ಉಗುಳು," ಎಂದೆ. "ಹೆಸರಿಡೋ ದಿನ, ಎಲ್ಲರ ಮುಂದೆ."

ಆ ದಿನ ಮಾರ್ಲಾ ನೀಲಿ ಅಂಗಿ ತೊಟ್ಟು ಬಂದು ಮಾತಾಡಿದಳು. "ನಾನು ಬಿದ್ದು ಎಲ್ಲಾ ಹಾಳು ಮಾಡಿದೆ. ಕೋಚ್ ಒಂದು ದಿನವೂ ನನ್ನನ್ನ ಬೈಲಿಲ್ಲ. ಕ್ಷಮೆ ಅಂದ್ರೇನು ಅಂತ ನಾನು ಕಲಿತಿದ್ದು ಅವರಿಂದ" ಎಂದಳು. ಮುಂದಿನ ಸಾಲಿನಲ್ಲಿ ಪಾದ್ರಿಯ ಹೆಂಡತಿ ಕರವಸ್ತ್ರ ತೆಗೆದರು. ಕೋಚ್ ಎದ್ದರು, ಮೈಕ್ ಹಿಡಿದರು, ನನ್ನ ಕಡೆ ನೋಡಿದರು. ಬಾಯಿ ತೆರೆದರು. "ಎಲ್ಲರಿಗೂ ಧನ್ಯವಾದ" ಎಂದು ಕೂತುಬಿಟ್ಟರು. ಜನ ವಿನಯ ಎಂದು ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಆಮೇಲೆ ಊಟದ ಮೇಜಿನ ಹತ್ತಿರ ಸಿಕ್ಕರೂ ಮುಖ ತಿರುಗಿಸಿದೆ.

ಶನಿವಾರ ಬೆಳಿಗ್ಗೆ ಅವರೇ ನನ್ನ ಮನೆ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದರು. "ಕಾರು ಹತ್ತು. ಮಾರ್ಲಾ ಶಾಲೆಗೆ ಹೋಗೋಣ. ನೀನಿದ್ರೆ ಓಡಿಹೋಗೋಕೆ ಆಗಲ್ಲ."

ಆ ದಿನ ಮಾರ್ಲಾಳ ಶಾಲೆಯಲ್ಲಿ ರಾಜ್ಯ ಪಂದ್ಯಕ್ಕೆ ಮುಂಚಿನ ತಾಲೀಮು. ನಿಜವಾದ ತೀರ್ಪುಗಾರ್ತಿಯನ್ನೇ ಕರೆಸಿ ಕೂರಿಸಿದ್ದಳು. ಅಂಕದ ಹಲಗೆಯೂ ಇತ್ತು, ಮಕ್ಕಳ ಬೆಂಚು ಅದಕ್ಕೆ ಬೆನ್ನು ಮಾಡಿತ್ತು. ಕೋಚ್ ಅದನ್ನು ನೋಡಿ ಬಾಗಿಲಲ್ಲೇ ನಿಂತರು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಅವರದೇ ಮಾತು: ಎಣಿಸುವವರ ಕಾಲು ನಡುಗುತ್ತದೆ.

ಸೋಡಾ ಡಬ್ಬಿಗಳನ್ನು ಜೋಡಿಸುತ್ತಿದ್ದ ಮಾರ್ಲಾಳನ್ನು ಕೋಚ್ ಪಕ್ಕಕ್ಕೆ ಕರೆದು ಒಂದೇ ಉಸಿರಿನಲ್ಲಿ ಹೇಳಿದರು. ಕೈ ಎಟುಕುತ್ತಿತ್ತು, ಬೇಕೆಂದೇ ಹಿಡಿಯಲಿಲ್ಲ, ಪಂದ್ಯ ಆಗಲೇ ಗೆದ್ದಾಗಿತ್ತು.

ಮಾರ್ಲಾ ನಕ್ಕು, ಆ ಸೊಟ್ಟ ಕೈಯಿಂದಲೇ ಅವರನ್ನು ತಬ್ಬಿದಳು. "ಅಯ್ಯೋ ಕೋಚ್, ನಿವೃತ್ತಿ ಆದ್ಮೇಲೆ ಎಲ್ಲರಿಗೂ ಹೀಗೇ ಆಗೋದು. ನಮ್ಮಪ್ಪನೂ ಲಾರಿ ಬಿಟ್ಟ ಮೇಲೆ, ಎಂದೋ ಅಡ್ಡ ಬಂದ ನಾಯಿಗೆಲ್ಲ ಅಳ್ತಿದ್ದ. ನಿಮ್ಮ ಕೈಗೆ ಎಟುಕಲಿಲ್ಲ, ಅಷ್ಟೇ. ನೀವು ಒಳ್ಳೆಯೋರು, ತಪ್ಪನ್ನ ನಿಮ್ಮ ಮೇಲೆ ಹಾಕ್ಕೊಳ್ತೀರ. ಕೂತ್ಕೊಳ್ಳಿ, ತಣ್ಣಗೆ ಟೀ ಕುಡೀರಿ."

ನಮ್ಮ ಕಡೆಯ ಜನರ ಮರ್ಯಾದೆ ಇದೇ. ಹಿರಿಯರು ತಪ್ಪೊಪ್ಪಿಕೊಂಡರೆ ಕೇಳಿಸಿಕೊಳ್ಳುವುದೂ ಅವಮಾನ ಮಾಡಿದಂತೆ. ಕೈಗೆ ಟೀ ಲೋಟ ಕೊಟ್ಟು ಬಾಯಿ ಮುಚ್ಚಿಸುತ್ತಾರೆ. ಕೋಚ್ ಲೋಟ ಹಿಡಿದು ಕೂತರು. ಅಷ್ಟು ಸೋತ ಮುಖವನ್ನು ನಾನು ಯಾವ ಪಂದ್ಯದಲ್ಲೂ ಕಂಡಿರಲಿಲ್ಲ. ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಕಂಬಿಯ ಸರದಿ ಬಂತು. ಮಾರ್ಲಾಳ ಮಗಳು ಹ್ಯಾಟಿ ಕೈ ಜಾರದಿರಲೆಂದು ಹಿಟ್ಟಿನಂಥ ಪುಡಿ ಅಂಗೈಗೆ ಹಚ್ಚಿ ಮೇಲೆ ಹತ್ತಿದಳು. ಸಣಕಲು ಹುಡುಗಿ, ಅಮ್ಮನದೇ ಬಾಯಿ, ಅಮ್ಮನದೇ ಮೂಗು. ಮಾರ್ಲಾ ಕೆಳಗೆ ಹೋಗಿ ನಿಂತಳು. ಎರಡೂ ಕೈ ಬೆನ್ನ ಹಿಂದೆ, ಸೊಟ್ಟಗಿನದನ್ನು ನೆಟ್ಟಗಿನದು ಹಿಡಿದುಕೊಂಡಿತ್ತು.

ಪಕ್ಕದಲ್ಲಿ ಟೀ ಲೋಟ ಉರುಳಿದ ಸದ್ದು ಕೇಳಿತು. ತಿರುಗುವಷ್ಟರಲ್ಲಿ ಕೋಚ್ ಅಲ್ಲಿರಲಿಲ್ಲ. ಚಪ್ಪಲಿ ಬಿಟ್ಟು, ಅಷ್ಟು ವರ್ಷ ಕಾಲಿಡದ ಜಾಗಕ್ಕೆ ನಡೆದುಹೋಗಿ, ಮಾರ್ಲಾಳ ಎದುರಿಗೆ, ಕಂಬಿಯ ಇನ್ನೊಂದು ಬದಿಗೆ ನಿಂತಿದ್ದರು. ಕೈಗಳು ಮುಂದಿದ್ದವು.

ಹ್ಯಾಟಿ ಮೇಲಿನ ಕಂಬಿ ಬಿಟ್ಟಳು. ತಿರುಗಿದಳು. ಬೆರಳು ತಾಕಿತು, ಜಾರಿತು. ಅವಳು ಹಿಡಿದುಕೊಳ್ಳುತ್ತಿದ್ದಳೋ ಏನೋ, ನಾನು ಹೇಳಲಾರೆ. ಅಷ್ಟರಲ್ಲಿ ಕೋಚ್ ಒಂದು ಹೆಜ್ಜೆ ಮುಂದೆ ಹಾರಿ ಅವಳ ಸೊಂಟವನ್ನು ತಬ್ಬಿಬಿಟ್ಟರು. ಇಬ್ಬರೂ ಮ್ಯಾಟಿನ ಮೇಲೆ ಉರುಳಿದರು. ತೀರ್ಪುಗಾರ್ತಿ ಯಾವ ಮುಲಾಜೂ ಇಲ್ಲದೆ ಅರ್ಧ ಅಂಕ ಕಳೆದಳು.

ಹ್ಯಾಟಿ ಚಿಮ್ಮಿ ಎದ್ದಳು. "ಯಾರು ಮುಟ್ಟು ಅಂದಿದ್ದು ನಿಮಗೆ? ನಾನು ಹಿಡೀತಿದ್ದೆ! ಅರ್ಧ ಅಂಕ ಹೋಯ್ತು, ನಿಮ್ಮಿಂದ ಹೋಯ್ತು! ಯಾಕೆ ಬಂದ್ರಿ ಇಲ್ಲಿಗೆ?"

"ಹ್ಯಾಟೀ!" ಎಂದು ಮಾರ್ಲಾ ಗದರಿದಳು. "ಯಾರ ಹತ್ರ ಮಾತಾಡ್ತಿದ್ದೀಯ ಗೊತ್ತಾ?"

"ಬಿಡು ಮಾರ್ಲಾ, ಬೈಲಿ" ಎಂದರು ಕೋಚ್. ಕೂತಲ್ಲಿಂದ ಏಳಲಾಗುತ್ತಿರಲಿಲ್ಲ, ಭುಜ ಉಳುಕಿತ್ತು. "ಇನ್ನೂ ಬೈಯಿ ಪುಟ್ಟಿ. ಚೆನ್ನಾಗಿ ಬೈಯಿ."

ಮಾರ್ಲಾ ಮಗಳನ್ನು ಬಿಟ್ಟು ಕೋಚ್‌ನ ಕಡೆ ತಿರುಗಿದಳು. ಕೋಚ್ ಮೊದಲು ನಿಂತಿದ್ದ ಜಾಗ ನೋಡಿದಳು, ಈಗ ಬಿದ್ದಿರುವ ಜಾಗ ನೋಡಿದಳು. ಆಮೇಲೆ ತನ್ನ ಎಡಗೈ. ಅವಳ ಮುಖದಲ್ಲಿದ್ದ ಮರ್ಯಾದೆಯ ನಗು ನನ್ನ ಕಣ್ಣ ಮುಂದೆಯೇ ಆರಿಹೋಯಿತು.

"ಈ ವಯಸ್ಸಲ್ಲಿ ಎಟುಕ್ತು," ಎಂದಳು, ಮೆತ್ತಗೆ. "ಆಗ ನಿಮಗೆ ಎಷ್ಟು ವಯಸ್ಸು, ಕೋಚ್?"

"ನಲವತ್ತೈದು."

ನಾನು ಕೋಚ್‌ನ ಭುಜಕ್ಕೆ ಐಸ್ ಕಟ್ಟಿ ಎಬ್ಬಿಸುವಾಗ ಮಾರ್ಲಾ ಕೈ ಕೊಡಲು ಬರಲಿಲ್ಲ. ಹ್ಯಾಟಿಯನ್ನು ಮತ್ತೆ ಕಂಬಿಗೆ ಹತ್ತಿಸಿ ಕೆಳಗೆ ನಿಂತಳು. ನಾವು ಬಾಗಿಲು ದಾಟುವಾಗ ತಿರುಗಿ ನೋಡಿದೆ. ಅವಳ ಎರಡೂ ಕೈ ಮುಂದಿದ್ದವು, ಸೊಟ್ಟಗಿನದೂ.

ಕೋಚ್ ಈಗ ಕಾಲೇಜಿಗೆ ಬರುತ್ತಿರಲಿಲ್ಲವಾದ್ದರಿಂದ ಆ ಡಿಸೆಂಬರಿನಲ್ಲಿ ನಾನೇ ಅವರ ಮನೆಗೆ ಹೋಗಿ ಅಡಿಗೆಮನೆಯಲ್ಲಿ ಕೂತೆ. ಕಿಟಕಿಯಿಂದ ರಸ್ತೆ ಕಾಣುತ್ತಿತ್ತು. ಕಾರುಗಳು ಹೋದವು, ಬಂದವು. ಕೋಚ್ ಬೀನ್ಸ್ ಬಿಡಿಸುತ್ತಿದ್ದರು, ಒಂದು ಭುಜ ಇನ್ನೂ ಬಿಗಿಯಾಗಿತ್ತು.

"ಯಾರನ್ನ ಕಾಯ್ತಿದ್ದೀಯ?" ಎಂದರು.

"ಪೈ ಇನ್ನೂ ಬಂದಿಲ್ಲ."

"ಬರಲ್ಲ ಮೇವಿಸ್," ಎಂದರು ಕೋಚ್. ಕಣ್ಣಲ್ಲಿ ನೀರಿತ್ತು. "ಅವಳು ಕೊನೆಗೂ ನಾನು ಹೇಳಿದ್ದನ್ನ ನಂಬಿದಳು."